ಖಾಲಿ, ಸೊನ್ನೆ, ಪೈಸೆ: ನಮ್ಮ ಪುಟ್ಟ ಭಾಷೆಯನ್ನು ಹೊಸದಾಗಿ ಕಟ್ಟುವಾಗ ನಾವು ಆಡಿದ ಜಗಳ

ನಮ್ಮ ಆಫೀಸಿನಲ್ಲಿ ಒಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆ ಇದೆ. ಹೊರಗಿನವರಿಗೆ ಅದರ ಹೆಸರೂ ಗೊತ್ತಿಲ್ಲ. ಹಳ್ಳಿಗಳ ಹಾಲಿನ ಡೈರಿಗಳಿಂದ ಬರುವ ಲೆಕ್ಕ ಇಟ್ಟುಕೊಂಡು ಯಾರಿಗೆ ಎಷ್ಟು ಬಟವಾಡೆ ಆಗಬೇಕು ಅನ್ನುವ ನಿಯಮಗಳನ್ನು ಅದರಲ್ಲಿ ಬರೆಯುತ್ತಾರೆ. ಬರೆಯುವವರು ಪ್ರೋಗ್ರಾಮರ್‌ಗಳಲ್ಲ, ಅಕೌಂಟ್ಸ್ ವಿಭಾಗದವರು. ಭಾಷೆ ಅವರವರ ಅಗತ್ಯಕ್ಕೆ ತಕ್ಕಂತೆ ಅಲ್ಲಲ್ಲಿ ತೇಪೆ ಹಾಕಿಸಿಕೊಂಡು ಬೆಳೆದಿತ್ತು. ಕೊನೆಗೆ ಬುಡದಿಂದ ಮತ್ತೆ ಕಟ್ಟೋಣ ಅಂತ ತೀರ್ಮಾನ ಆಯಿತು. ಡೇಟಾ ಭಾಗದ ಚರ್ಚೆ ನಡೆಸುವ ಕೆಲಸ ನನ್ನ ತಲೆಗೆ ಬಂತು.

ಮೊದಮೊದಲು ಸಲಹೆಗಳ ಮಳೆ. ಪೈಥಾನ್ ಭಾಷೆ ಬಲ್ಲವರಿಗೆ ಅದರ ಪಾಂಡಾಸ್ (ಟೇಬಲ್ ಲೆಕ್ಕಕ್ಕೆ ಬರೆದಿಟ್ಟ ಸಿದ್ಧ ಕೋಡ್) ತರಹದ ಟೇಬಲ್ ಬೇಕು, ಅಂಕಿಅಂಶದ ಲೆಕ್ಕದ ಆರ್ ಭಾಷೆ ಕಲಿತು ಬಂದವಳಿಗೆ ವೆಕ್ಟರ್ (ಒಂದೇ ಬಗೆಯ ಬೆಲೆಗಳ ಸಾಲು) ಬೇಕು, ಡೇಟಾಬೇಸನ್ನು ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ಹಿರಿಯರೊಬ್ಬರಿಗೆ ಎಲ್ಲವೂ ಎಸ್‌ಕ್ಯೂಎಲ್ ಆಗಬೇಕು. ಎಲ್ಲರದ್ದೂ ಒಳ್ಳೆಯ ಸಲಹೆಯೇ. ತೊಂದರೆ ಇದ್ದದ್ದೇ ಅಲ್ಲಿ.

ಪರ್ಲ್ 6 ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕಥೆ ನನಗೆ ಚೆನ್ನಾಗಿ ಗೊತ್ತಿತ್ತು. 2000ನೇ ಇಸವಿಯಲ್ಲಿ ಪರ್ಲ್ ಭಾಷೆಯನ್ನು ಕಟ್ಟಿದ ಲ್ಯಾರಿ ವಾಲ್ ಅದನ್ನು ಹೊಸದಾಗಿ ಕಟ್ಟೋಣ ಅಂದಾಗ ಬಳಕೆದಾರರಿಂದ 361 ಲಿಖಿತ ಸಲಹೆಗಳು ಬಂದವು. ಮೊದಲ ಸ್ಥಿರ ಬಿಡುಗಡೆ ಆದದ್ದು 2015ರ ಡಿಸೆಂಬರ್‌ನಲ್ಲಿ. 2019ರಲ್ಲಿ ಹೆಸರೂ ಬದಲಾಗಿ ರಾಕು ಆಯಿತು. ಭಾಷೆ ಚೆನ್ನಾಗಿಯೇ ಇದೆ, ಅದರಿಂದ ನಾವು ಕದ್ದದ್ದೂ ಇದೆ, ಮುಂದೆ ಹೇಳುತ್ತೇನೆ. ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ಮಂಡ್ಯದ ಹುಡುಗ ನಕ್ಕ. "ಹದಿನೈದು ವರ್ಷ ಅಂದ್ರೆ ನಾನು ಮಕ್ಕಳನ್ನ ಹೈಸ್ಕೂಲಿಗೆ ಬಿಟ್ಟು ಬರಬೇಕಾಗುತ್ತೆ ಸಾರ್."

ಇನ್ನೊಂದು ಕಥೆ ಪೈಥಾನಿನದ್ದು. ಮ್ಯಾಟ್ರಿಕ್ಸ್ (ಅಡ್ಡ, ಉದ್ದ ಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳು) ಗುಣಾಕಾರಕ್ಕೆ ಬೇರೆ ಚಿಹ್ನೆ ಬೇಕು ಅನ್ನುವ ಸಲಹೆಗಳು 2000ದಲ್ಲೇ ಬಂದಿದ್ದವು, ಒಪ್ಪಿಗೆ ಸಿಗಲಿಲ್ಲ. ಅದರಲ್ಲಿ ಒಂದು ಸಲಹೆ ಚಿಹ್ನೆಗಳ ಇಡೀ ಗುಂಪನ್ನೇ ಕೇಳಿತ್ತು. 2014ರ ಪೆಪ್ 465 (ಪೈಥಾನ್ ಬದಲಿಸಲು ಬರೆದುಕೊಡುವ ಸಲಹೆಯನ್ನು ಪೆಪ್ ಅನ್ನುತ್ತಾರೆ) ಕೇಳಿದ್ದು ಮುಖ್ಯವಾಗಿ ಒಂದೇ ಚಿಹ್ನೆ, ಜೊತೆಗೆ ಜನ ನಿಜವಾಗಿ ಬರೆದ ಕೋಡ್‌ನಲ್ಲಿ ಈ ಗುಣಾಕಾರ ಎಷ್ಟು ಸಲ ಬರುತ್ತೆ ಅನ್ನುವ ಲೆಕ್ಕ. 3.5 ಆವೃತ್ತಿಯಲ್ಲಿ ಅದು ಬಂದೇ ಬಿಟ್ಟಿತು. ನಾನು ಹಾಕಿದ ನಿಯಮ ಇಲ್ಲಿಂದಲೇ ಎತ್ತಿದ್ದು: ಸಲಹೆ ತರುವವರು ನಮ್ಮದೇ ಡೇಟಾದಿಂದ ಮೂರು ನಾಲ್ಕು ಸಾಲು ತರಬೇಕು, ಉತ್ತರ ಏನು ಬರಬೇಕು ಅಂತ ಪೆನ್ನಿನಲ್ಲಿ ಬರೆದು ತೋರಿಸಬೇಕು. ಬರೆಯುವ ರೀತಿ, ಚಿಹ್ನೆ, ಬ್ರಾಕೆಟ್ಟು, ಅದೆಲ್ಲ ಆಮೇಲೆ. ಅರ್ಧ ಸಲಹೆಗಳು ತಾವಾಗೇ ಬಿದ್ದುಹೋದವು, ಯಾಕಂದ್ರೆ ಅವಕ್ಕೆ ಹೊಂದುವ ಸಾಲು ನಮ್ಮ ಕಡತಗಳಲ್ಲಿ ಇರಲೇ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಜಗಳ ಆದದ್ದು ಖಾಲಿ ಮನೆಯ ಬಗ್ಗೆ. ಟೇಬಲ್‌ನಲ್ಲಿ ಏನೂ ಬರೆಯದ ಜಾಗ. ಅಕೌಂಟ್ಸ್ ಮೇಡಂ ತಂದ ಸಾಲು ಹೀಗಿತ್ತು: ಬೆಳಿಗ್ಗೆ 7.3 ಲೀಟರ್, ಫ್ಯಾಟ್ (ಹಾಲಿನ ಕೊಬ್ಬಿನಂಶ) 4.1. ಸಂಜೆ 6.5 ಲೀಟರ್, ಫ್ಯಾಟ್ ಖಾಲಿ. ಕರೆಂಟ್ ಹೋಗಿ ಫ್ಯಾಟ್ ಅಳೆಯುವ ಮಷೀನ್ ಓಡಿಲ್ಲ. ಮಾರನೇ ದಿನ ಬೆಳಿಗ್ಗೆ ಲೀಟರೂ ಖಾಲಿ, ಅವತ್ತು ಆ ಮನೆಯವರು ಹಾಲೇ ಹಾಕಿಲ್ಲ.

ಈಗ ಸರಾಸರಿ ಫ್ಯಾಟ್ ಎಷ್ಟು? ನಮ್ಮ ಹಳೆಯ ಭಾಷೆ ಖಾಲಿಯನ್ನು ಸೊನ್ನೆ ಅಂತ ಓದುತ್ತಿತ್ತು. ಮೊದಲ ದಿನದ ಎರಡು ಹೊತ್ತು ಸೇರಿಸಿ ನೋಡಿದರೆ 2.05. ಹಸು ಕೇಳಿದ್ರೆ ಬೇಜಾರು ಮಾಡಿಕೊಳ್ಳುತ್ತೆ. ಎಸ್‌ಕ್ಯೂಎಲ್ ಖಾಲಿಯನ್ನು ಸುಮ್ನೆ ಬಿಟ್ಟು 4.1 ಅನ್ನುತ್ತದೆ. ಆರ್ ಭಾಷೆ ಉತ್ತರವೇ ಗೊತ್ತಿಲ್ಲ ಅನ್ನುತ್ತದೆ, ಖಾಲಿ ಬಿಟ್ಟು ಲೆಕ್ಕ ಹಾಕು ಅಂತ ನಾವು ಬಾಯಿಬಿಟ್ಟು ಹೇಳುವ ತನಕ. ಮೂರು ಭಾಷೆ, ಮೂರು ಬೇರೆ ಉತ್ತರ.

ಹಿರಿಯರು ಎಸ್‌ಕ್ಯೂಎಲ್ ಪರ. "ಜನಕ್ಕೆ ಉತ್ತರ ಬೇಕಪ್ಪ, ಉಪದೇಶ ಬೇಡ" ಅಂದರು. ಆರ್ ಹುಡುಗಿ ಸುಮ್ಮನಿರಲಿಲ್ಲ. ಅದೇ ಎಸ್‌ಕ್ಯೂಎಲ್‌ನಲ್ಲಿ ಎರಡು ಕಾಲಂ ಕೂಡಿಸಿದಾಗ ಒಂದು ಖಾಲಿ ಇದ್ದರೆ ಮೊತ್ತವೂ ಖಾಲಿ, ಆದರೆ ಒಂದು ಕಾಲಂ ಉದ್ದಕ್ಕೂ ಕೂಡಿಸಿದರೆ ಖಾಲಿ ಲೆಕ್ಕಕ್ಕೇ ಇಲ್ಲ, ಇದು ಯಾವ ನ್ಯಾಯ ಸಾರ್ ಅಂತ ಕೇಳಿದಳು. ಖಾಲಿ ಮತ್ತೊಂದು ಖಾಲಿಗೆ ಸಮವೇ ಅಂತ ಕೇಳಿದರೂ ಹೌದು ಅಂತ ಬರಲ್ಲ. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಜಗಳ ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಗೆ ಹೋಗಿ ಬೈಟು ಕಾಫಿ ಕುಡಿಯುವಾಗಲೂ ನಿಲ್ಲಲಿಲ್ಲ.

ಮುಂದಿನ ಪ್ರಶ್ನೆ, ಖಾಲಿ ಒಂದೇ ಜಾತಿಯದೋ ಎರಡೋ? ಪರೀಕ್ಷೆ ಆಗಿಲ್ಲ ಅನ್ನುವುದು ಬೇರೆ, ಹಾಲೇ ಹಾಕಿಲ್ಲ ಅನ್ನುವುದು ಬೇರೆ. ಎರಡು ಬಗೆ ಇಡೋಣ ಅಂತ ನನಗೂ ಆಸೆ ಇತ್ತು. ಆದರೆ ಎರಡು ಇಟ್ಟರೆ, ಒಂದನ್ನು ಇನ್ನೊಂದಕ್ಕೆ ಕೂಡಿಸಿದಾಗ ಯಾವುದು ಬರಬೇಕು ಅಂತ ಪೆನ್ನಿನಲ್ಲಿ ಬರೆದು ತೋರಿಸಲು ಯಾರಿಗೂ ಆಗಲಿಲ್ಲ. ಹಾಗಾಗಿ ಒಂದೇ ಖಾಲಿ ಉಳಿಯಿತು. ಯಾಕೆ ಖಾಲಿ ಅನ್ನುವುದು ಪಕ್ಕದ ಕಾಲಂನಲ್ಲಿ ಮಾಮೂಲಿ ಡೇಟಾ ಆಗಿ ಕೂರುತ್ತದೆ. ಮೊತ್ತ, ಸರಾಸರಿ ಹಾಕುವಾಗ ಖಾಲಿ ಸಿಕ್ಕಿದರೆ ಪ್ರೋಗ್ರಾಂ ನಿಂತು ಕೇಳುತ್ತದೆ: ಬಿಡಲೋ, ಬೇರೆ ಬೆಲೆ ತುಂಬಲೋ? ಅದನ್ನು ನಿಯಮದಲ್ಲೇ ಬರೆಯಬೇಕು. ಮೇಡಂ ಈಗ ಬರೆಯುವುದು "ಖಾಲಿ ಇದ್ದರೆ ಬೆಳಗಿನ ಫ್ಯಾಟ್ ತಗೋ" ಅಂತ. ಡೈರಿಯಲ್ಲಿ ಅವರು ಕೈಯಲ್ಲಿ ಮಾಡುತ್ತಿದ್ದದ್ದೂ ಅದನ್ನೇ ಅಂತೆ.

ಇದರ ಜೊತೆಗೇ ಒಂದು ಸಣ್ಣ ಉಪಕಾರ ಆಯಿತು. ಪಾಂಡಾಸ್‌ನ ಮಾಮೂಲಿ ಪೂರ್ಣಾಂಕದ ಕಾಲಂನಲ್ಲಿ ಒಂದು ಖಾಲಿ ನುಗ್ಗಿದರೆ ಇಡೀ ಕಾಲಂ ದಶಾಂಶ ಆಗಿಬಿಡುತ್ತದೆ, ಸದಸ್ಯರ ಸಂಖ್ಯೆ 118 ಇದ್ದದ್ದು 118.0. ನಮ್ಮಲ್ಲಿ ಯಾವ ಬಗೆಯ ಕಾಲಂ ಆದರೂ ಖಾಲಿ ಇರಬಹುದು, ಬಗೆ ಬದಲಾಗಲ್ಲ.

ಆಮೇಲೆ ಪೈಸೆ. 0.1 ಮತ್ತು 0.2 ಕೂಡಿಸಿದರೆ ಹೆಚ್ಚಿನ ಭಾಷೆಗಳಲ್ಲಿ 0.30000000000000004 ಬರುತ್ತದೆ ಅನ್ನುವ ಜೋಕ್ ಎಲ್ಲ ಪ್ರೋಗ್ರಾಮರ್‌ಗಳಿಗೂ ಗೊತ್ತು. ಹತ್ತನೇ ಒಂದು ಭಾಗ ಕಂಪ್ಯೂಟರು ಬಳಸುವ ಬೈನರಿಯಲ್ಲಿ (ಸೊನ್ನೆ, ಒಂದು ಮಾತ್ರ ಇರುವ ಎಣಿಕೆ) ಮುಗಿಯುವುದೇ ಇಲ್ಲ, ಅದಕ್ಕೇ ಹೀಗೆ. ಮೇಡಂಗೆ ಈ ಜೋಕ್ ನಗು ತರಿಸಲಿಲ್ಲ. ಅವರು ತಂದ ಸಾಲು: 7.3 ಲೀಟರ್, ದರ 36.45. ಗುಣಿಸಿದರೆ ಸರಿಯಾಗಿ 266.085. ಇದು 266.08 ರೂಪಾಯಿಯೋ 266.09 ರೂಪಾಯಿಯೋ? ಶಾಲೆಯಲ್ಲಿ ಕಲಿತ ಪ್ರಕಾರ ಐದು ಬಂದರೆ ಮೇಲಕ್ಕೆ, ಅಂದರೆ 266.09. ಬ್ಯಾಂಕಿನವರ ರೀತಿ ಅನ್ನುವುದೊಂದಿದೆ, ಸಮ ಸಂಖ್ಯೆಯ ಕಡೆಗೆ ಹೋಗುವುದು, ಅದರಲ್ಲಿ 266.08. ಬೈನರಿಯಲ್ಲಿ ಲೆಕ್ಕ ಹಾಕಿದರೆ ಆ ಸಂಖ್ಯೆ 266.085ಕ್ಕಿಂತ ಕೂದಲೆಳೆ ಮೇಲೋ ಕೆಳಗೋ ಕೂತಿರುತ್ತದೆ, ಯಾವ ಕಡೆ ಉರುಳುತ್ತದೋ ದೇವರೇ ಬಲ್ಲ. ಪೈಥಾನಿನಲ್ಲಿ 2.675 ಅನ್ನು ಎರಡು ಸ್ಥಾನಕ್ಕೆ ಇಳಿಸಿದರೆ 2.67 ಬರುವುದು ಇದೇ ಕಾರಣಕ್ಕೆ.

ಎರಡು ಸಲಹೆ ಇದ್ದವು. ಒಂದು, ರಾಕು ತರಹ ದಶಾಂಶಗಳನ್ನು ಭಿನ್ನರಾಶಿಯಾಗಿ ಇಟ್ಟುಕೊಳ್ಳುವುದು. ಅಲ್ಲಿ 0.1 ಮತ್ತು 0.2 ಕೂಡಿದರೆ 0.3 ಸರಿಯಾಗೇ ಬರುತ್ತದೆ. ನನಗೆ ಇದು ತುಂಬ ಇಷ್ಟ. ಆದರೆ ಭಾಗಿಸುತ್ತಾ ಹೋದರೆ ಛೇದ ಊದುತ್ತದೆ. ರಾಕು ಕೂಡ ಛೇದ 64 ಬಿಟ್ (64 ಬೈನರಿ ಅಂಕಿ) ದಾಟಿದರೆ ಕೈಬಿಟ್ಟು ಮಾಮೂಲಿ ಬೈನರಿ ಸಂಖ್ಯೆಗೆ ಇಳಿಯುತ್ತದೆ. ಎರಡನೆಯದು, ಹತ್ತರ ಲೆಕ್ಕದ ನೇರ ದಶಾಂಶ. ನಾವು ಇದನ್ನೇ ತಗೊಂಡೆವು, ನಮ್ಮಲ್ಲಿ ಎಲ್ಲವೂ ಕೊನೆಗೆ ಪೈಸೆಗೇ ಬಂದು ನಿಲ್ಲುತ್ತದೆ ಅಲ್ವಾ? ಎಲ್ಲಿ, ಯಾವ ರೀತಿ ಇಳಿಸಬೇಕು ಅನ್ನುವುದನ್ನು ಬರೆಯದೆ ಇದ್ದರೆ ರೂಪಾಯಿ ಕಾಲಂಗೆ ಬೆಲೆ ಹಾಕಲು ಭಾಷೆ ಬಿಡಲ್ಲ. ಸರಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನ ಬೇರೆ ಕಾಲಂ. ಕೂಡಿಸಿ ಇಳಿಸುವುದೋ, ಇಳಿಸಿ ಕೂಡಿಸುವುದೋ ಅಂತ ಮತ್ತೊಂದು ಸುತ್ತು ಆಯಿತು, ಅದನ್ನು ಇಲ್ಲಿ ಎಳೆಯಲ್ಲ.

ಕನ್ನಡದ ಹೆಸರುಗಳ ವಿಷಯ ನಾನೇ ತಂದದ್ದು. ಎರಡು ಕಡತಗಳಲ್ಲಿ "ಗೀತಾ" ಅಂತ ಇದೆ, ಪರದೆಯ ಮೇಲೆ ಒಂದೇ ಥರ ಕಾಣುತ್ತದೆ, ಹೊಂದಿಸಿದರೆ ಹೊಂದಲ್ಲ. ಒಂದರಲ್ಲಿ ನಾಲ್ಕು ಯುನಿಕೋಡ್ ಬಿಂದು (ಪ್ರತಿ ಅಕ್ಷರ, ಗುರುತಿಗೆ ಕಂಪ್ಯೂಟರಿನಲ್ಲಿ ಕೊಟ್ಟ ಸಂಖ್ಯೆ), ಇನ್ನೊಂದರಲ್ಲಿ ಐದು. ದೀರ್ಘ ಈಕಾರವನ್ನು ಒಂದೇ ಬಿಂದುವಾಗಿ ಇಡಬಹುದು, ಇಲ್ಲ ಗುಡಿಸು ಮತ್ತು ದೀರ್ಘದ ಗುರುತು ಅಂತ ಎರಡಾಗಿ ಇಡಬಹುದು. ಯುನಿಕೋಡ್ ಪ್ರಕಾರ ಎರಡೂ ಒಂದೇ. ಆದರೆ ಹೆಚ್ಚಿನ ಭಾಷೆಗಳು ಬಿಂದುಗಳನ್ನು ಹಾಗೇ ಹೋಲಿಸುತ್ತವೆ. ಹಳೆಯ ಫಾಂಟಿನ ಕಡತಗಳನ್ನು ಯುನಿಕೋಡ್‌ಗೆ ಬದಲಿಸಿದ್ದರಲ್ಲಿ ಈ ಎರಡನೇ ರೂಪ ತುಂಬಿಕೊಂಡಿತ್ತು. ರಾಕು ಓದುವಾಗಲೇ ಇವನ್ನು ಒಂದೇ ರೂಪಕ್ಕೆ ತರುತ್ತದೆ. ಕದ್ದೆವು ಅಂದೆನಲ್ಲ, ಅದು ಇದೇ.

ಉದ್ದ ಎಷ್ಟು ಅನ್ನುವುದು ಇನ್ನೂ ಮಜಾ. ಗೀತಾ ಎಷ್ಟು ಅಕ್ಷರ ಅಂತ ಯಾರನ್ನು ಕೇಳಿದರೂ ಎರಡು ಅಂತಾರೆ. ಪೈಥಾನ್ ಬಿಂದು ಎಣಿಸಿ ನಾಲ್ಕು ಅನ್ನುತ್ತದೆ, ಬೈಟ್ (ಕಡತದಲ್ಲಿ ಹಿಡಿಯುವ ಜಾಗದ ಅಳತೆ) ಎಣಿಸಿದರೆ ಹನ್ನೆರಡು. "ಸ್ತ್ರೀ" ಅಂತ ಕೊಟ್ಟರೆ ನಾವು ಬಳಸಿದ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಅದನ್ನು ಮೂರು ತುಂಡು ಮಾಡಿತು. ಒತ್ತಕ್ಷರ ಸೇರಿ ಒಂದೇ ಅಂತ ಎಣಿಸುವ ನಿಯಮ ನಾವೇ ಬರೆದೆವು. ತಕ್ಷಣ ಮಂಡ್ಯದ ಹುಡುಗ "ರಾಜ್‌ಕುಮಾರ್" ತಂದ. ಜ್ ಮತ್ತು ಕು ಒತ್ತಾಗದ ಹಾಗೆ ನಡುವೆ ಕಾಣದ ಗುರುತೊಂದು ಕೂತಿರುತ್ತದೆ, ಅಲ್ಲಿ ನಿಯಮ ನಿಲ್ಲಬೇಕು. ಸರಿ, ನಿಲ್ಲಿಸಿದೆವು. ಆದರೆ ಆ ಗುರುತು ಹಾಕದೆ ಟೈಪ್ ಮಾಡಿದ ಹೆಸರೂ ಅದೇ ವ್ಯಕ್ತಿಯೇ? ಭಾಷೆ ಇದನ್ನು ತೀರ್ಮಾನಿಸಬಾರದು ಅಂತ ಬಿಟ್ಟೆವು. ಹೆಸರು ಹೋಲಿಸಿ ಬಟವಾಡೆ ಮಾಡುವುದನ್ನೇ ನಿಲ್ಲಿಸಿ, ಸದಸ್ಯರ ಸಂಖ್ಯೆ ಕಡ್ಡಾಯ ಮಾಡಿದರು.

ಉಳಿದವು ಬೇಗ ಮುಗಿದವು. ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಅನ್ನುವ ಹಳೇ ಜಗಳಕ್ಕೆ ಕೈ ಹಾಕಲೇ ಇಲ್ಲ, ಸಾಲನ್ನು ಸಂಖ್ಯೆ ಹಿಡಿದು ಕರೆಯುವ ಸೌಲಭ್ಯವನ್ನೇ ಕೊಟ್ಟಿಲ್ಲ. ಟೇಬಲ್‌ನ ಒಂದು ತುಂಡು ತೆಗೆದು ತಿದ್ದಿದರೆ ಮೂಲವೂ ಬದಲಾಗಬೇಕೇ ಅನ್ನುವುದಕ್ಕೆ ಪೈಥಾನಿನಲ್ಲಿ ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಮ್‌ಪೈ ಹೌದು ಅನ್ನುತ್ತದೆ, ಪೈಥಾನಿನ ಮಾಮೂಲಿ ಲಿಸ್ಟ್ ಇಲ್ಲ ಅನ್ನುತ್ತದೆ. "ಜೆರಾಕ್ಸ್ ಮೇಲೆ ಗೀಚಿದರೆ ಒರಿಜಿನಲ್ ಹಾಳಾಗುತ್ತಾ?" ಅಂತ ಮೇಡಂ ಕೇಳಿದರು. ಅಲ್ಲಿಗೆ ಚರ್ಚೆ ಮುಗಿಯಿತು.

ಹಳೆಯ ನಿಯಮಗಳನ್ನು ಹೊಸ ಭಾಷೆಗೆ ತಿರುಗಿಸಿ, ಎರಡನ್ನೂ ಒಂದೇ ಬಟವಾಡೆಯ ಡೇಟಾ ಮೇಲೆ ಓಡಿಸಿ, ಉತ್ತರ ಬೇರೆ ಬಂದ ಸಾಲುಗಳನ್ನು ಮಾತ್ರ ಪ್ರಿಂಟ್ ತೆಗೆದು ಮೇಡಂ ಮುಂದೆ ಇಟ್ಟೆವು. ಬಹುಪಾಲು ಒಂದು ಪೈಸೆಯ ವ್ಯತ್ಯಾಸ. ಕೆಲವು ಕಡೆ ಖಾಲಿ ಫ್ಯಾಟ್ ಸೊನ್ನೆಯಾಗಿ ಬಟವಾಡೆ ಕಮ್ಮಿ ಆಗಿತ್ತು. ಆ ಸಾಲುಗಳ ಪಕ್ಕ ಮೇಡಂ ಕೆಂಪು ಪೆನ್ನಿನಲ್ಲಿ ಬಾಕಿ ಮೊತ್ತ ಬರೆದು, ಮುಂದಿನ ಬಟವಾಡೆಗೆ ಸೇರಿಸಿ ಅಂತ ಸಹಿ ಹಾಕಿ ಕೊಟ್ಟರು.