ಊರಿನ ನೀರಿಗೆ ಮಾಡೆಲ್ ಕಟ್ಟುವುದು ಹೇಗೆ: ಪುಣೆಯಲ್ಲಿರುವ ಕನ್ನಡಿಗರಿಗೆ

ಪುಣೆಯಲ್ಲಿ ಕೋಡ್ ಬರೆಯುವ, ಡೇಟಾ ನೋಡುವ ಕೆಲಸದಲ್ಲಿರುವ ಕನ್ನಡದವರು ಬೇಕಾದಷ್ಟು ಜನ ಇದ್ದೀರಿ. ಬೇಸಾಯ ಓದಲು ವಿಜಯಪುರ, ಕಲಬುರಗಿ ಕಡೆಯಿಂದ ಬಂದವರೂ ಇದ್ದೀರಿ. ನೀರು, ಬೆಳೆ, ಹಳ್ಳಿಯ ಬದುಕು ಇವುಗಳ ಬಗ್ಗೆ ಡೇಟಾ ಇಟ್ಟುಕೊಂಡು ಏನಾದರೂ ಮಾಡಬೇಕು ಅನ್ನಿಸುತ್ತದೆ, ಆದರೆ ಎಲ್ಲಿ ಕೈ ಹಾಕಬೇಕು ಗೊತ್ತಾಗುವುದಿಲ್ಲ, ಅಲ್ವಾ? ನನ್ನ ಸಲಹೆ ಒಂದೇ. ದೊಡ್ಡ ಮಾಡೆಲ್ (ಊರಿನ ನೀರು, ಬೆಳೆ, ಜನರನ್ನು ಲೆಕ್ಕದಲ್ಲಿ ಮೂಡಿಸುವ ಚಿತ್ರ) ಬೇಡ. ಒಂದು ಊರು, ಒಂದು ವರ್ಷ, ಒಂದು ಪ್ರಶ್ನೆ ಸಾಕು. ಊರಿನವರು ಕೂತು ನೋಡಿ "ಇಗೋ, ಇಲ್ಲಿ ನಿಮ್ಮ ಲೆಕ್ಕ ತಪ್ಪಿದೆ" ಎಂದು ಬೆರಳಿಟ್ಟು ತೋರಿಸುವಷ್ಟು ಚಿಕ್ಕದಾಗಿರಲಿ.

ಪುಣೆ ಜಿಲ್ಲೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಲೋಣಾವಳದಲ್ಲಿ ವರ್ಷಕ್ಕೆ 4,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ಬಾರಾಮತಿ, ದೌಂಡ್ ಕಡೆ ಬಂದರೆ 500 ಮಿ.ಮೀ. ಆಸುಪಾಸು. ಸಹ್ಯಾದ್ರಿಯ ಮಳೆ ನೆರಳಿನ ಈ ನೆಲಕ್ಕೂ ನಮ್ಮ ವಿಜಯಪುರದ ನೆಲಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ: ಅದೇ ಬಸಾಲ್ಟ್ ಕಲ್ಲು, ಅದೇ ಕರಿಮಣ್ಣು, ಅದೇ ಹಿಂಗಾರಿ ಬಿಳಿಜೋಳ. ಪುಣೆಯ ಮುಳಾ-ಮುಠಾ ನೀರು ಭೀಮೆಗೆ ಸೇರಿ, ಉಜನಿ ಅಣೆಕಟ್ಟು ದಾಟಿ, ಕೊನೆಗೆ ಇಂಡಿ, ಅಫಜಲಪುರದ ಕಡೆಗೇ ಹೋಗುತ್ತದೆ. ಹಾಗಾಗಿ ಇಲ್ಲಿನ ಲೆಕ್ಕ ಪರರ ಊರಿನ ಲೆಕ್ಕ ಅಲ್ಲ.

ಮೊದಲು ಪ್ರಶ್ನೆ. "ಸುಸ್ಥಿರ ಕೃಷಿ ಸಾಧ್ಯವೇ?" ಅನ್ನುವ ಪ್ರಶ್ನೆಗೆ ಯಾವ ಮಾಡೆಲೂ ಉತ್ತರ ಕೊಡುವುದಿಲ್ಲ. "ಈ ಊರಲ್ಲಿ ಎಷ್ಟು ಹೆಕ್ಟೇರ್ ಕಬ್ಬು ಇದ್ದರೆ ಮೇ ತಿಂಗಳಲ್ಲೂ ಕುಡಿಯುವ ಬಾವಿಯಲ್ಲಿ ನೀರಿರುತ್ತದೆ?" ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಅಳತೆ ಇದೆ, ಜಾಗ ಇದೆ, ತಿಂಗಳು ಇದೆ. ತಪ್ಪಾದರೆ ತಪ್ಪು ಎಂದು ಗೊತ್ತೂ ಆಗುತ್ತದೆ.

ಇನ್ನು ಲೆಕ್ಕ. ಕಂಪ್ಯೂಟರ್ ತೆರೆಯುವ ಮೊದಲು ಕಾಗದದ ಮೇಲೆ ಮಾಡಿ. 1 ಮಿ.ಮೀ. ಮಳೆ 1 ಹೆಕ್ಟೇರ್ ಮೇಲೆ ಬಿದ್ದರೆ 10 ಘನ ಮೀಟರ್, ಅಂದರೆ 10,000 ಲೀಟರ್. ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ, ಅರ್ಧ ಕೆಲಸ ಆದ ಹಾಗೆ. ಊರಿನ ವಿಸ್ತೀರ್ಣ 1,000 ಹೆಕ್ಟೇರ್, ಮಳೆ 500 ಮಿ.ಮೀ. ಎಂದುಕೊಳ್ಳೋಣ. ಒಟ್ಟು ಬಿದ್ದದ್ದು 50 ಲಕ್ಷ ಘನ ಮೀಟರ್. ಕೇಳಲು ಭಾರಿ ಅನ್ನಿಸುತ್ತದೆ. ಆದರೆ ಹೆಚ್ಚಿನದು ಆವಿಯಾಗುತ್ತದೆ, ಸ್ವಲ್ಪ ಹರಿದು ಹೋಗುತ್ತದೆ, ಬಸಾಲ್ಟ್ ನೆಲದಲ್ಲಿ ಅಂತರ್ಜಲಕ್ಕೆ ಇಳಿಯುವುದು ನೂರಕ್ಕೆ ಸುಮಾರು 7ರಿಂದ 13 ಪಾಲು ಮಾತ್ರ. 8 ಎಂದು ಹಿಡಿದರೆ 4 ಲಕ್ಷ ಘನ ಮೀಟರ್. ಬಾವಿ, ಬೋರ್‌ಗಳಿಗೆ ವರ್ಷಕ್ಕೆ ಸಿಗುವ ಹೊಸ ನೀರು ಇಷ್ಟೇ.

ಈಗ ಖರ್ಚು. ಊರಲ್ಲಿ 2,000 ಜನ ಇದ್ದಾರೆ, ತಲೆಗೆ ದಿನಕ್ಕೆ 55 ಲೀಟರ್ ಎಂದರೆ ವರ್ಷಕ್ಕೆ ಸುಮಾರು 40,000 ಘನ ಮೀಟರ್. ದನಕರುಗಳಿಗೆ ಬೇರೆ. ಕಬ್ಬಿಗೆ ಒಂದು ಬೆಳೆಗೆ 1,500ರಿಂದ 2,500 ಮಿ.ಮೀ. ನೀರು ಬೇಕು. 2,000 ಎಂದು ಹಿಡಿದು, ಮಳೆಯಿಂದ ಬೆಳೆಗೆ ನಿಜವಾಗಿ ದಕ್ಕುವ 400 ಕಳೆಯಿರಿ. ಉಳಿದ 1,600 ಮಿ.ಮೀ. ಬಾವಿಯಿಂದಲೇ ಬರಬೇಕು, ಅಂದರೆ ಹೆಕ್ಟೇರಿಗೆ 16,000 ಘನ ಮೀಟರ್. 4 ಲಕ್ಷವನ್ನು ಇದರಿಂದ ಭಾಗಿಸಿದರೆ 25. ಸಾವಿರ ಹೆಕ್ಟೇರಿನ ಊರಲ್ಲಿ ಬರೀ 25 ಹೆಕ್ಟೇರ್ ಕಬ್ಬು ಇಡೀ ಊರಿನ ಹೊಸ ಅಂತರ್ಜಲವನ್ನು ಕುಡಿದು ಮುಗಿಸುತ್ತದೆ! ಜನರ 40,000 ಮೊದಲೇ ತೆಗೆದಿಟ್ಟರೆ 22 ಚಿಲ್ಲರೆ ಮಾತ್ರ. ಅದೇ 4 ಲಕ್ಷವನ್ನು ಹಿಂಗಾರಿ ಜೋಳಕ್ಕೆ 60 ಮಿ.ಮೀ.ನಂತೆ ಎರಡು ಸಲ ಕೊಟ್ಟರೆ 330 ಹೆಕ್ಟೇರ್ ದಾಟುತ್ತದೆ. ಈ ಒಂದು ಹಾಳೆಯೇ ನಿಮ್ಮ ಮೊದಲ ಮಾಡೆಲ್. ಮುಂದಿನದೆಲ್ಲ ಇದನ್ನು ತಿದ್ದುವ ಕೆಲಸ.

ಮಳೆಯ ಡೇಟಾ ಸಿಗುವುದು ಕಷ್ಟ ಅಲ್ಲ. ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಇವತ್ತಿನವರೆಗಿನ ದಿನದಿನದ ಮಳೆಯನ್ನು ಚೌಕಗಳಾಗಿ ಹಂಚಿ ಉಚಿತವಾಗಿ ಕೊಡುತ್ತದೆ, ಪೈಥಾನ್ ಬರುವವರು ಐಎಂಡಿಲಿಬ್ (imdlib) ಎಂಬ ಕೋಡ್ ಪೊಟ್ಟಣ ಹಾಕಿಕೊಂಡರೆ ಇಳಿಸಿಕೊಳ್ಳುವುದು ಸುಲಭ. ಆದರೆ ಒಂದೊಂದು ಚೌಕ 0.25 ಡಿಗ್ರಿ, ಅಂದರೆ ಸುಮಾರು 27 ಕಿ.ಮೀ. ಉದ್ದ. ಘಟ್ಟದ ಇಳಿಜಾರಿನಲ್ಲಿ ಅಷ್ಟು ದೂರದಲ್ಲಿ ಮಳೆ ಅರ್ಧಕ್ಕರ್ಧ ಇಳಿದಿರುತ್ತದೆ. ಆದ್ದರಿಂದ ಊರಿಗೆ ಹತ್ತಿರದ ಮಳೆಮಾಪಕದ ಅಂಕಿಯನ್ನೂ ತೆಗೆದುಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡು ಹೊಂದದೇ ಇದ್ದರೆ ಸುಮ್ನೆ ಸರಾಸರಿ ಮಾಡಬೇಡಿ, ಯಾಕೆ ಹೊಂದುವುದಿಲ್ಲ ಎಂದು ನಕ್ಷೆಯಲ್ಲಿ ಹುಡುಕಿ.

ಸರಾಸರಿಯ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ತಿಂಗಳ ಮಳೆ ಇಟ್ಟುಕೊಂಡು ಹಳ್ಳದ ನೀರಿನ ಲೆಕ್ಕ ಹಾಕಬೇಡಿ, ದಿನದ ಮಳೆಯೇ ಬೇಕು. ಹರಿವು ಲೆಕ್ಕ ಹಾಕಲು ಕರ್ವ್ ನಂಬರ್ ಎಂಬ ಹಳೆಯ, ಸರಳ ವಿಧಾನ ಇದೆ. ಮಣ್ಣು, ನೆಲದ ಬಳಕೆ, ಬೆಳೆ ನೋಡಿ ನೆಲಕ್ಕೆ ಒಂದು ಸಂಖ್ಯೆ ಕೊಡುತ್ತಾರೆ. ಅದು 80 ಇದ್ದರೆ, ಮೊದಲ 12.7 ಮಿ.ಮೀ. ಮಳೆ ನೆಲದಲ್ಲೇ ಉಳಿಯುತ್ತದೆ, ಆಮೇಲೆ ಹರಿವು ಶುರು. ಒಂದೇ ದಿನ 50 ಮಿ.ಮೀ. ಬಂದರೆ ಸುಮಾರು 14 ಮಿ.ಮೀ. ಹರಿದು ಹೋಗುತ್ತದೆ. ಅದೇ 50 ಮಿ.ಮೀ. ಐದು ದಿನ ಹತ್ತು ಹತ್ತು ಮಿ.ಮೀ.ನಂತೆ ಬಂದರೆ? ಈ ಸೂತ್ರದ ಪ್ರಕಾರ ಹಳ್ಳಕ್ಕೆ ಒಂದು ಹನಿಯೂ ಇಲ್ಲ. ಒಟ್ಟು ಮಳೆ ಎರಡೂ ಕಡೆ ಒಂದೇ, ಊರಿನ ಕೆರೆಗೆ ಮಾತ್ರ ಭೂಮಿ ಆಕಾಶದ ಅಂತರ.

ಅಂತರ್ಜಲಕ್ಕೆ ಬಾವಿಯ ಹತ್ತಿರವೇ ಹೋಗಿ ನೋಡಬೇಕು. ಸರ್ಕಾರದ ಅಂತರ್ಜಲ ಇಲಾಖೆಗಳು ವರ್ಷಕ್ಕೆ ಕೆಲವು ಸಲ ಆಯ್ದ ಬಾವಿಗಳನ್ನು ಅಳೆಯುತ್ತವೆ, ಅದು ತಾಲ್ಲೂಕಿಗೆ ಸಾಕು, ಊರಿಗೆ ಸಾಲದು. ಗಟ್ಟಿ ಹಗ್ಗಕ್ಕೆ ತೂಕ ಕಟ್ಟಿ, ಮೀಟರಿಗೊಂದು ಗಂಟು ಹಾಕಿ, ನೀವೇ ಅಳೆಯಿರಿ. ಬೆಳಿಗ್ಗೆ ಮೋಟರ್ ಶುರುವಾಗುವ ಮೊದಲು ಹೋಗಿ, ಪಂಪ್ ಓಡುವಾಗ ಅಳೆದರೆ ಸುಳ್ಳು ಅಂಕಿ ಸಿಗುತ್ತದೆ. ಕಟ್ಟೆಯ ಎತ್ತರವನ್ನು ಕಳೆಯಲು ಮರೆಯಬೇಡಿ. ಮೇ ಕೊನೆಗೆ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ, ಅದೇ ಬಾವಿಗಳು. ಹಳ್ಳದ ಪಕ್ಕದವು ಮಾತ್ರ ಬೇಡ, ದಿಬ್ಬದ ಮೇಲಿನವೂ ಇರಲಿ.

ಈ ಅಳತೆಯಿಂದ ಹೊಸ ನೀರನ್ನು ಎರಡನೇ ದಾರಿಯಲ್ಲಿ ಲೆಕ್ಕ ಹಾಕಬಹುದು. ಬಸಾಲ್ಟ್ ಕಲ್ಲಿನಲ್ಲಿ ನೀರು ಹಿಡಿಯುವ ಜಾಗ ಬಹಳ ಕಡಿಮೆ, ನೂರಕ್ಕೆ 1ರಿಂದ 3. 2 ಎಂದು ಹಿಡಿದರೆ, ಬಾವಿಗಳು ಸರಾಸರಿ 2 ಮೀಟರ್ ಏರಿದಾಗ ಸೇರಿದ ನೀರು 40 ಮಿ.ಮೀ. ಈ ಹಿಂದೆ ಮಳೆಯಿಂದ ತೆಗೆದ ಅಂಕಿಯೂ 40 ಮಿ.ಮೀ. (500ಕ್ಕೆ ನೂರಕ್ಕೆ 8). ಎರಡು ಬೇರೆ ದಾರಿ, ಒಂದೇ ಉತ್ತರ ಬಂದರೆ ಧೈರ್ಯ ಬರುತ್ತದೆ. ಬಾವಿಗಳು 4 ಮೀಟರ್ ಏರಿದ್ದರೆ? ಆಗ ಎಲ್ಲೋ ಮಳೆಯಲ್ಲದ ನೀರು ಒಳಗೆ ಬರುತ್ತಿರಬಹುದು. ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ ಇದು ನಿಜವಾಗಿಯೂ ಆಗುತ್ತದೆ: ಏತ ನೀರಾವರಿ ಯೋಜನೆಯಲ್ಲಿ ಮುಳಾ-ಮುಠಾದ ನೀರನ್ನು, ಅಂದರೆ ಪುಣೆ ನಗರ ಬಳಸಿ ಬಿಟ್ಟ ನೀರನ್ನು ಕೂಡ, ಮೇಲಕ್ಕೆತ್ತಿ ಹೊಲಗಳಿಗೆ ಕೊಡುತ್ತಾರೆ. ಊರಿನ ಗಡಿ ನೀರಿನ ಗಡಿ ಅಲ್ಲ. ಕಾಲುವೆ, ಪೈಪ್, ಟ್ಯಾಂಕರ್ ಎಲ್ಲವನ್ನೂ ಜಮಾ ಖರ್ಚಿನಲ್ಲಿ ಬರೆಯಿರಿ.

ಬೆಳೆ ಎಷ್ಟಿದೆ ಎಂದು ತಿಳಿಯಲು ತಲಾಠಿಯ 7/12 ಉತಾರೆ ಇದೆ, ನಮ್ಮ ಕಡೆಯ ಪಹಣಿ ಇದ್ದ ಹಾಗೆ. 2021ರಿಂದ ಮಹಾರಾಷ್ಟ್ರದಲ್ಲಿ ರೈತರೇ ಮೊಬೈಲಿನಲ್ಲಿ ಬೆಳೆ ನಮೂದಿಸುವ ಇ-ಪೀಕ್ ಪಾಹಣಿಯೂ ಬಂದಿದೆ. ಕಾಗದದಲ್ಲಿರುವ ಬೆಳೆಯೇ ಹೊಲದಲ್ಲೂ ಇದೆ ಎಂದು ನಂಬಿ ಕೂರಬೇಡಿ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ, 10 ಮೀಟರ್ ಚೌಕದಷ್ಟು ಸೂಕ್ಷ್ಮ, ಸುಮಾರು 5 ದಿನಕ್ಕೊಮ್ಮೆ ಹೊಸದು ಬರುತ್ತದೆ. ಮೇ ಮಧ್ಯದ ಮೋಡ ಇಲ್ಲದ ಚಿತ್ರ ತೆಗೆದು ಹಸಿರಿನ ಸೂಚ್ಯಂಕ ಲೆಕ್ಕ ಹಾಕಿ. ಆ ಹೊತ್ತಿಗೆ ಜೋಳ, ಈರುಳ್ಳಿ ಎಲ್ಲ ಕಟಾವಾಗಿರುತ್ತದೆ, ಕಬ್ಬು ಮಾತ್ರ ಹಸಿರಾಗಿ ಎದ್ದು ಕಾಣುತ್ತದೆ. ಆದರೆ ಪುರಂದರದಲ್ಲಿ ಅಂಜೂರದ ತೋಟಗಳಿವೆ, ಅವೂ ಹಸಿರೇ! ಹಾಗಾಗಿ ಚಿತ್ರದಲ್ಲಿ ಹಸಿರು ಕಂಡ ಕೆಲವು ಹೊಲಗಳಿಗೆ ಕಾಲ್ನಡಿಗೆಯಲ್ಲಿ ಹೋಗಿ ನೋಡಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕಾಟ, ಒಳ್ಳೆಯ ಚಿತ್ರ ಸಿಗುವುದು ಅಪರೂಪ.

ಎಷ್ಟು ನೀರು ಎತ್ತುತ್ತಾರೆ ಅನ್ನುವುದಕ್ಕೆ ಪುಸ್ತಕದ ಅಂಕಿಗಿಂತ ಡ್ರಮ್ಮು ವಾಸಿ. 200 ಲೀಟರಿನ ಡ್ರಮ್ ಪೈಪಿನ ಕೆಳಗಿಟ್ಟು ಗಡಿಯಾರ ನೋಡಿ. 40 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್, 8 ಗಂಟೆ ಓಡಿದರೆ 144 ಘನ ಮೀಟರ್. ಒಂದು ಹೆಕ್ಟೇರಿಗೆ ಹರಡಿದರೆ 14 ಮಿ.ಮೀ. ಚಿಲ್ಲರೆ. ಎಷ್ಟು ದಿನ ಓಡಿಸುತ್ತಾರೆ ಎಂದು ಕೇಳಿ. ಹನಿ ನೀರಾವರಿ ಹಾಕಿದ್ದಾರೆ, ನೀರು ಉಳಿಯಿತು ಎಂದು ಬರೆಯುವ ಮೊದಲು ಎರಡು ವಿಷಯ ನೋಡಿ: ಉಳಿದ ನೀರಿನಲ್ಲಿ ಅವರು ಇನ್ನೊಂದು ಎಕರೆ ಬೆಳೆದರೇ, ಮತ್ತು ಮೊದಲು ಹೊಲದಲ್ಲಿ ಹರಿಸಿದಾಗ ಇಂಗಿ ಬಾವಿಗೇ ವಾಪಸ್ ಹೋಗುತ್ತಿದ್ದ ನೀರೆಷ್ಟು.

ಇಲ್ಲಿಯವರೆಗೆ ಬಂದದ್ದು ನೀರು. ಮುಂದಿನದು ಜನ, ನನ್ನ ಮಟ್ಟಿಗೆ ಇದೇ ಮುಖ್ಯ ಭಾಗ. ನೀರು ಸಾಲದು ಎಂದು ಗೊತ್ತಿದ್ದೂ ರೈತ ಕಬ್ಬು ಯಾಕೆ ಹಾಕುತ್ತಾನೆ? ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ಬೆಲೆ ಇದೆ, 2025-26ರ ಹಂಗಾಮಿಗೆ ಕ್ವಿಂಟಲಿಗೆ 355 ರೂಪಾಯಿ, ಕೊಳ್ಳಲು ಕಾರ್ಖಾನೆ ಇದೆ. ಈರುಳ್ಳಿಗೆ ಅದಿಲ್ಲ. 2023ರ ಆಗಸ್ಟ್‌ನಲ್ಲಿ ರಫ್ತಿನ ಮೇಲೆ ನೂರಕ್ಕೆ 40 ಸುಂಕ, ಡಿಸೆಂಬರ್‌ನಿಂದ ಕೆಲವು ತಿಂಗಳು ರಫ್ತೇ ಬಂದ್ ಆಗಿತ್ತು. ಇದನ್ನು ಕಂಡ ರೈತ ಕಬ್ಬಿನ ಕಡೆ ವಾಲಿದರೆ ಅದನ್ನು ಅಜ್ಞಾನ ಎನ್ನುವುದು ಅನ್ಯಾಯ. ಮಾಡೆಲಿನಲ್ಲಿ ಈ ಭಯಕ್ಕೂ ಒಂದು ಜಾಗ ಬೇಕು. ಸರ್ಕಾರದ ಧಾರಣೆ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ಮಾರುಕಟ್ಟೆವಾರು ಕನಿಷ್ಠ, ಗರಿಷ್ಠ, ಹೆಚ್ಚಾಗಿ ನಡೆದ ಧಾರಣೆ ಸಿಗುತ್ತದೆ. ರಜೆಯ ದಿನದ ಖಾಲಿ ಕೋಶವನ್ನು ಸೊನ್ನೆ ಎಂದು ತುಂಬಬೇಡಿ, ಬೆಲೆಯ ಸರಾಸರಿ ಪೂರ್ತಿ ಕೆಡುತ್ತದೆ.

ಜನರ ಭಾಗಕ್ಕೆ, ಒಬ್ಬೊಬ್ಬರ ನಡೆಯನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡುವ ನೆಟ್‌ಲೋಗೊ ಎಂಬ ಸಾಫ್ಟ್‌ವೇರ್ ಒಳ್ಳೆಯದು, ಉಚಿತ. ಪೈಥಾನ್ ಬೇಕು ಅನ್ನುವವರಿಗೆ ಅದೇ ಕೆಲಸಕ್ಕೆ ಮೆಸಾ ಇದೆ. ಪರದೆಯ ಮೇಲೆ ಒಬ್ಬೊಬ್ಬ ರೈತನನ್ನು ಇಡುತ್ತೀರಿ: ಜಮೀನು ಎಷ್ಟು, ಬಾವಿ ಎಷ್ಟು ಆಳ, ಕೈಯಲ್ಲಿ ದುಡ್ಡೆಷ್ಟು, ಮನೆಯಲ್ಲಿ ಎಷ್ಟು ಜನ. ಒಂದು ನಿಯಮ: ಅಕ್ಟೋಬರ್‌ನಲ್ಲಿ ಬಾವಿಯಲ್ಲಿ ಇಷ್ಟು ನೀರಿದ್ದು ಪಕ್ಕದವನಿಗೆ ಹೋದ ವರ್ಷ ಕಬ್ಬಿನಲ್ಲಿ ಲಾಭ ಆಗಿದ್ದರೆ ಇವನೂ ಕಬ್ಬು ಹಾಕುತ್ತಾನೆ. ಇನ್ನೊಂದು: ಮಾರ್ಚ್‌ನಲ್ಲಿ ನೀರು ಕೆಳಗಿಳಿದರೆ, ದುಡ್ಡಿದ್ದರೆ ಬೋರ್ ಹೊಡೆಸುತ್ತಾನೆ. ಈ ನಿಯಮಗಳನ್ನು ನೀವೇ ಊಹಿಸಬೇಡಿ. ಊರಲ್ಲಿ ಕೂತು ಕೇಳಿ. "ವಿಹಿರೀಲಾ ಪಾಣಿ ಕಧೀಪರ್ಯಂತ್ ಅಸ್ತಂ?" (ಬಾವಿಯಲ್ಲಿ ನೀರು ಯಾವಾಗಿನವರೆಗೆ ಇರುತ್ತದೆ?) ಅನ್ನುವಷ್ಟು ಮರಾಠಿ ಬಂದರೂ ಮಾತು ಶುರುವಾಗುತ್ತದೆ. ಹೆಂಗಸರನ್ನು ತಪ್ಪದೆ ಕೇಳಿ. ಕುಡಿಯುವ ನೀರು ಯಾವ ತಿಂಗಳಲ್ಲಿ ದೂರವಾಗುತ್ತದೆ ಎಂದು ಸರಿಯಾಗಿ ಗೊತ್ತಿರುವುದು ಅವರಿಗೇ.

ಆಮೇಲೆ ನಿಯಮ ಬದಲಿಸಿ ನೋಡಿ. ಇದಕ್ಕೆ ಪುರಂದರದಲ್ಲೇ ಉದಾಹರಣೆ ಇದೆ. 1972ರ ಬರದ ನಂತರ ವಿಲಾಸರಾವ್ ಸಾಳುಂಖೆ ನಾಯಗಾಂವ್‌ನಲ್ಲಿ ಶುರು ಮಾಡಿದ ಪಾಣಿ ಪಂಚಾಯತ್‌ನಲ್ಲಿ (ನೀರು ಹಂಚಿಕೊಳ್ಳುವ ರೈತರ ಕೂಟ) ನೀರಿನ ಪಾಲನ್ನು ಜಮೀನು ನೋಡಿ ಅಲ್ಲ, ಮನೆಯ ತಲೆ ಎಣಿಸಿ ಕೊಡುತ್ತಿದ್ದರು: ತಲೆಗೆ ಅರ್ಧ ಎಕರೆ, ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆಗೆ ಸಾಲುವಷ್ಟು. ಭೂಮಿ ಇಲ್ಲದವರಿಗೂ ಪಾಲಿತ್ತು. ಕಬ್ಬಿಗೆ ಅವಕಾಶ ಇರಲಿಲ್ಲ. ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್‌ನಲ್ಲಿ ಮಳೆ ನೋಡಿಕೊಂಡು ಗ್ರಾಮಸಭೆ ನೀರಿನ ಬಜೆಟ್ ಮಾಡುತ್ತದೆ, ಯಾವ ಬೆಳೆ ಎಷ್ಟು ಎಂದು ಅದರ ಮೇಲೆ ನಿರ್ಧಾರ. ಎರಡನ್ನೂ ನಿಯಮಗಳಾಗಿ ಬರೆದು ನಿಮ್ಮ ಊರಿನ ಮಾಡೆಲಿನಲ್ಲಿ ಓಡಿಸಿ. ಸರಾಸರಿ ಆದಾಯ ಒಂದನ್ನೇ ನೋಡಬೇಡಿ. ಯಾರ ಬಾವಿ ಮೊದಲು ಬತ್ತಿತು, ಯಾರು ಸಾಲ ಮಾಡಿದರು, ಯಾರು ಊರು ಬಿಟ್ಟರು ಅದನ್ನು ನೋಡಿ. ಸಮಾನತೆ ಸರಾಸರಿಯಲ್ಲಿ ಕಾಣುವುದಿಲ್ಲ.

ಮಾಡೆಲ್ ಸರಿ ಇದೆಯೇ ಎಂದು ಪರೀಕ್ಷಿಸಲು ಕೆಲವು ವರ್ಷಗಳನ್ನು ಬಚ್ಚಿಡಿ. 2018ರಲ್ಲಿ ಮಹಾರಾಷ್ಟ್ರಕ್ಕೆ ಬರ, 2019ರಲ್ಲಿ ವಿಪರೀತ ಮಳೆ. ಈ ಎರಡನ್ನು ತೋರಿಸದೆ ಉಳಿದ ವರ್ಷಗಳಿಂದ ಮಾಡೆಲ್ ಹೊಂದಿಸಿ, ಆಮೇಲೆ ಇವೆರಡನ್ನು ಕೇಳಿ. ಮತ್ತೆ ಒಂದೊಂದೇ ಅಂಕಿಯನ್ನು ನೂರಕ್ಕೆ 20 ಮೇಲೆ ಕೆಳಗೆ ಮಾಡಿ ಉತ್ತರ ಎಷ್ಟು ಅಲುಗಾಡುತ್ತದೆ ನೋಡಿ. ಯಾವುದು ಜಾಸ್ತಿ ಅಲುಗಾಡಿಸುತ್ತದೋ ಅದನ್ನು ಇನ್ನೊಮ್ಮೆ ಹೊಲದಲ್ಲಿ ಅಳೆಯಿರಿ. ಅಲುಗಾಡಿಸದೇ ಇದ್ದದ್ದಕ್ಕೆ ಸಮಯ ಹಾಳು ಮಾಡಬೇಡಿ. ಉತ್ತರ ಹೇಳುವಾಗ "22 ಹೆಕ್ಟೇರ್" ಎನ್ನಬೇಡಿ, "17ರಿಂದ 28" ಎನ್ನಿ.

ಯಾರ ಬೋರ್ ಎಲ್ಲಿದೆ, ಯಾರಿಗೆ ಸಾಲ ಎಷ್ಟು ಎಂಬುದು ನಕ್ಷೆಯಲ್ಲಿ ಹೆಸರು, ಸರ್ವೆ ನಂಬರ್ ಸಮೇತ ಹೊರಗೆ ಹೋಗಬಾರದು. ನಂಬಿ ಹೇಳಿದವರಿಗೆ ಅದರಿಂದ ತೊಂದರೆ ಆಗಬಹುದು. ಹೊರಗೆ ತೋರಿಸುವುದು ಊರಿನ ಮೊತ್ತ ಮಾತ್ರ.

ಫಲಿತಾಂಶವನ್ನು ಮೊದಲು ಊರಿಗೇ ಕೊಡಿ, ಮರಾಠಿಯಲ್ಲಿ, ಒಂದೇ ಹಾಳೆಯಲ್ಲಿ, ಅಂಕಿಗಳನ್ನು ಅವರೇ ಬದಲಿಸಿ ನೋಡಬಹುದಾದ ಶೀಟ್ ಸಮೇತ. ಹೊತ್ತು ನೋಡಿಕೊಂಡು ಕೊಡಿ. ಹಿಂಗಾರಿ ಜೋಳದ ಬಿತ್ತನೆ ಸೆಪ್ಟೆಂಬರ್-ಅಕ್ಟೋಬರ್‌ಗೆ, ಕಬ್ಬಿನ ಒಂದು ನಾಟಿ ಅಕ್ಟೋಬರ್-ನವೆಂಬರ್‌ಗೆ, ಹಿಂಗಾರಿ ಈರುಳ್ಳಿ ನಾಟಿ ಡಿಸೆಂಬರ್ ಹೊತ್ತಿಗೆ. ಆದ್ದರಿಂದ ಸೆಪ್ಟೆಂಬರ್ ಕೊನೆಯವರೆಗಿನ ಮಳೆ ಹಾಕಿ ಒಂದು ಕಚ್ಚಾ ಲೆಕ್ಕ ಕೊಟ್ಟುಬಿಡಿ, ಅಕ್ಟೋಬರ್‌ನ ಬಾವಿ ಅಳತೆ ಬಂದ ಮೇಲೆ ಅದನ್ನೇ ತಿದ್ದಿ ಗ್ರಾಮಸಭೆಗೆ ಇನ್ನೊಮ್ಮೆ ಒಯ್ಯಿರಿ.