ಗೋಡೆಯ ಕೋನವನ್ನೇ ಹೊತ್ತು ತನ್ನಿ: ಮೈಟರ್ ಮೂಲೆ ಕೂಡಿಸಿದ ನನ್ನ ಅನುಭವ

ಮೈಟರ್ ಮೂಲೆ, ಅಂದರೆ ಎರಡು ಪಟ್ಟಿಯ ತುದಿಯನ್ನು ಓರೆ ಕೊಯ್ದು ಕೂಡಿಸುವ ಮೂಲೆ, ಸಂದಿಲ್ಲದೆ ಕೂಡಬೇಕಾದರೆ ಯಾವ ಮಷಿನ್ ತಗೋಬೇಕು ಅಂತ ಹೊಸ ಹುಡುಗರು ಕೇಳುತ್ತಾರೆ. ನಾನು ಮಷಿನ್ ಹೆಸರು ಹೇಳುವುದಿಲ್ಲ. ಮೊದಲು ಒಂದು ಟಿ-ಬೆವೆಲ್ (ಅಲಗು ತಿರುಗಿಸಿ ಬೇಕಾದ ಕೋನಕ್ಕೆ ಬಿಗಿ ಮಾಡುವ ಹತ್ಯಾರು), ಒಂದು ಒಳ್ಳೆಯ ಮೂಲೆಮಟ್ಟ, ಆಮೇಲೆ ಕೀಸುಳಿಗೆ ಸಾಣೆ ಹಿಡಿಯಲು ಒಂದು ಕಲ್ಲು ತಗೊಳ್ಳಿ ಅನ್ನುತ್ತೇನೆ. ಅವರ ಮುಖ ಸಪ್ಪೆಯಾಗುತ್ತದೆ. ಪರವಾಗಿಲ್ಲ. ಮಷಿನ್ ಕೊಯ್ದು ಕೊಡುತ್ತದೆ, ನಿಜ. ಆದರೆ ಎಷ್ಟು ಡಿಗ್ರಿಗೆ ಕೊಯ್ಯಬೇಕು ಅಂತ ಹೇಳುವುದು ಗೋಡೆ.

ನಾನು ಕುಮಟಾ ಕಡೆಯವನು. ಡೊಂಬಿವಲಿಯಲ್ಲಿ ಸಣ್ಣ ವರ್ಕ್‌ಶಾಪ್ ಇದೆ. ಬಾಗಿಲ ಚೌಕಟ್ಟು, ಫೋಟೋ ಫ್ರೇಮ್, ಕಪಾಟಿನ ಬೀಡಿಂಗ್, ಮತ್ತೆ ಸೀಲಿಂಗ್‌ಗೂ ಗೋಡೆಗೂ ನಡುವೆ ಕೂರಿಸುವ ಕಾರ್ನಿಸ್ ಪಟ್ಟಿ, ಇದೆಲ್ಲ ನಮ್ಮ ಕೆಲಸ. ಮುಂಬಯಿಯಲ್ಲಿ ಈಗ ಕಾರ್ನಿಸ್ ಅಂದರೆ ಜಾಸ್ತಿ ಜನರಿಗೆ ಪಿಒಪಿಯೇ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಪಿಒಪಿಯವನಿಗೆ ಮೂಲೆ ದೊಡ್ಡ ವಿಷಯವಲ್ಲ. ಸಂದು ಬಿಟ್ಟರೆ ಅದನ್ನೇ ಕಲಸಿ ತುಂಬಿ ಉಜ್ಜಿಬಿಡುತ್ತಾನೆ. ಬಣ್ಣ ಹೊಡೆಯುವ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿಯಾದರೆ ನಮಗೂ ಪುಟ್ಟಿ ಇದೆ. ಸಾಗವಾನಿ ಪಟ್ಟಿ ಹಾಕಿ ಪಾಲಿಶ್ ಮಾಡಿಸುವ ಮನೆಯಲ್ಲಿ ಮಾತ್ರ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಲ್ಲಿ ತುಂಬಿದ್ದು ಕಂಡೇ ಕಾಣುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. 100 ಮಿ.ಮೀ. ಅಗಲದ ಪಟ್ಟಿ, ಎರಡೂ ತುಂಡು ಅರ್ಧರ್ಧ ಡಿಗ್ರಿ ತಪ್ಪಿದರೆ ಮೂಲೆಯಲ್ಲಿ ಒಂದು ಡಿಗ್ರಿ. ಅಂದರೆ ಒಂದು ತುದಿ ಕೂಡಿದಾಗ ಇನ್ನೊಂದು ತುದಿಯಲ್ಲಿ ಸುಮಾರು 2.5 ಮಿ.ಮೀ. ಸಂದು. ಅದೇ ತಪ್ಪು 20 ಮಿ.ಮೀ. ಫ್ರೇಮ್ ಪಟ್ಟಿಯಲ್ಲಾದರೆ ಸುಮಾರು 0.5 ಮಿ.ಮೀ., ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಹಾಗಂತ ಫ್ರೇಮ್ ಸುಲಭ ಅಂದುಕೊಳ್ಳಬೇಡಿ. ಅದರಲ್ಲಿ ಎಂಟು ಕೊಯ್ತ. ಎಂಟೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದರೆ, ಮೂರು ಮೂಲೆ ಗಟ್ಟಿಯಾಗಿ ಕೂಡಿಸಿ ನಾಲ್ಕನೆಯದಕ್ಕೆ ಬಂದಾಗ ಪೂರಾ ನಾಲ್ಕು ಡಿಗ್ರಿ ಬಾಯಿ ತೆರೆದಿರುತ್ತದೆ.

ಫ್ರೇಮ್‌ನಲ್ಲಿ ಮೂಲೆ 90 ಇರಬೇಕು ಅಂತ ನಾವೇ ನಿರ್ಧಾರ ಮಾಡುತ್ತೇವೆ. ಸೀಲಿಂಗ್ ಪಟ್ಟಿಗೆ ಆ ಸುಖ ಇಲ್ಲ. ಅಲ್ಯೂಮಿನಿಯಂ ಶಟರಿಂಗ್‌ನಲ್ಲಿ ಕಾಂಕ್ರೀಟ್ ಸುರಿದು ಕಟ್ಟಿದ ಹೊಸ ಟವರ್‌ಗಳಲ್ಲಿ ಗೋಡೆ ಬಹುಮಟ್ಟಿಗೆ ನೇರ ಇರುತ್ತದೆ. ಇಟ್ಟಿಗೆ, ಪ್ಲಾಸ್ಟರ್‌ನ ಹಳೇ ಕಟ್ಟಡಗಳಲ್ಲಿ ಹಾಗಲ್ಲ. ಮೂಲೆಯಲ್ಲಿ ಕರಣೆ ಸರಿಯಾಗಿ ಆಡುವುದಿಲ್ಲ, ಅಲ್ಲಿ ಪ್ಲಾಸ್ಟರ್ ಗುಡ್ಡೆ ಕಟ್ಟುತ್ತದೆ. ಅದರ ಮೇಲೆ ವರ್ಷಾನುಗಟ್ಟಲೆ ಪುಟ್ಟಿ, ಬಣ್ಣ. ಮಾಟುಂಗಾದ ಒಂದು ಹಳೇ ಫ್ಲಾಟ್‌ನಲ್ಲಿ ಹಾಲ್‌ನ ಒಂದು ಮೂಲೆ 88, ಎದುರಿನದು 92ರ ಹತ್ತಿರ. ಮನೆಯ ಅಮ್ಮ ಕೆಳಗೆ ನಿಂತು ನೋಡುತ್ತಿದ್ದವರು, "ಅಲ್ಲ ಮಾರಾಯ, ಇಷ್ಟು ವರ್ಷ ಸರಿಯಾಗೇ ಇದ್ದ ಗೋಡೆ ನೀನು ಪಟ್ಟಿ ಹಿಡಿದ ಕೂಡಲೇ ಸೊಟ್ಟ ಆಯ್ತಾ?" ಅಂದರು. ನಾನೇನು ಹೇಳಲಿ!

ಇಂಥ ಮೂಲೆ ಅಳೆಯಲು ಡಿಜಿಟಲ್ ಆಂಗಲ್ ಫೈಂಡರ್ ಸಿಗುತ್ತದೆ, ನನ್ನ ಹತ್ತಿರವೂ ಇದೆ. ಆದರೆ ಅದರ ಕಾಲುಗಳು ಆ ಪ್ಲಾಸ್ಟರ್ ಗುಡ್ಡೆಯ ಮೇಲೆ ಕೂತರೆ ತಪ್ಪು ಅಂಕಿಯನ್ನೇ ನೀಟಾಗಿ ತೋರಿಸುತ್ತದೆ. ನಾನು ಜಾಸ್ತಿ ನೆಚ್ಚುವುದು ಪೆನ್ಸಿಲ್ ವಿಧಾನವನ್ನು. ಒಂದೇ ಅಗಲದ ನೇರವಾದ ಪ್ಲೈ ತುಂಡನ್ನು ಒಂದು ಗೋಡೆಗೆ ಒತ್ತಿ ಹಿಡಿದು, ಅದರ ಹೊರ ಅಂಚಿನಲ್ಲಿ ಸೀಲಿಂಗ್ ಮೇಲೆ ಗೆರೆ ಎಳೆಯಿರಿ. ಅದೇ ತುಂಡನ್ನು ಪಕ್ಕದ ಗೋಡೆಗೆ ಹಿಡಿದು ಇನ್ನೊಂದು ಗೆರೆ. ಎರಡೂ ಒಂದು ಕಡೆ ಕತ್ತರಿಸುತ್ತವೆ. ಆ ಚುಕ್ಕೆಯಿಂದ ಗೋಡೆಯ ಮೂಲೆಗೆ ಗೆರೆ ಕೂಡಿಸಿದರೆ ಮೈಟರ್ ಗೆರೆ ಸಿಕ್ಕಿತು. ಮೂಲೆ 88 ಇರಲಿ, 92 ಇರಲಿ, 135ರ ಬೇ ವಿಂಡೋ ಇರಲಿ, ಸರಿ ಅರ್ಧಕ್ಕೇ ಬರುತ್ತದೆ. ಪ್ಲೈ ತುಂಡು ಎರಡಡಿ ಉದ್ದ ಇದ್ದರೆ ಗುಡ್ಡೆಯ ಕಾಟವೂ ಇಲ್ಲ. ಗುಡ್ಡೆಗೆ ತಾಗುವ ತುದಿಯನ್ನು ಸ್ವಲ್ಪ ತರಿದುಬಿಟ್ಟರೆ ಆಯಿತು.

ಈಗ ಟಿ-ಬೆವೆಲ್ ತಗೊಂಡು ಅದರ ಹಿಡಿಯನ್ನು ಪ್ಲೈ ಅಂಚಿಗೆ, ಅಲಗನ್ನು ಮೈಟರ್ ಗೆರೆಗೆ ಹೊಂದಿಸಿ ಬಿಗಿ ಮಾಡಿ. ಇನ್ನು ಅಂಕಿ ಓದುವ ಕೆಲಸವೇ ಇಲ್ಲ. ಮೈಟರ್ ಸಾ (ಮೇಜು ತಿರುಗಿಸಿ ಓರೆ ಕೊಯ್ಯುವ ಮಷಿನ್) ಹತ್ತಿರ ಹೋಗಿ, ಪ್ಲಗ್ ಕಿತ್ತು, ಬೆವೆಲ್ ಹಿಡಿಯನ್ನು ಫೆನ್ಸ್‌ಗೆ, ಅಂದರೆ ಪಟ್ಟಿ ಒರಗಿಸುವ ಹಿಂದಿನ ಆಸರೆಗೆ ಒತ್ತಿ, ಬ್ಲೇಡ್ ಅಲಗಿಗೆ ತಾಗುವ ತನಕ ಮೇಜು ತಿರುಗಿಸಿ ಲಾಕ್ ಮಾಡಿ. ಬೆವೆಲ್ ತಾಗಬೇಕಾದ್ದು ಬ್ಲೇಡಿನ ಚಪ್ಪಟೆ ಮೈಗೆ, ಹಲ್ಲಿಗಲ್ಲ. ಹಲ್ಲು ಮೈಗಿಂತ ಸ್ವಲ್ಪ ಹೊರಗೆ ಚಾಚಿರುತ್ತದೆ. ಅಂಕಿ ಓದಿ ಕೊಯ್ಯುವವರು ಇನ್ನೊಂದು ಕಡೆಯೂ ಸಿಕ್ಕಿಬೀಳುತ್ತಾರೆ. ಮೂಲೆ 92 ಅಂದರೆ ಅರ್ಧ 46. ಆದರೆ ಮೈಟರ್ ಸಾ ಸ್ಕೇಲ್‌ನಲ್ಲಿ ಸೊನ್ನೆ ಇರುವುದು ನೇರ ಕೊಯ್ತಕ್ಕೆ, ಹಾಗಾಗಿ ಅಲ್ಲಿ ಇಡಬೇಕಾದ್ದು 44. ಕೋನವನ್ನೇ ಹೊತ್ತು ತಂದರೆ ಈ ಗೋಜಲಿಲ್ಲ.

ಕೊಯ್ಯುವ ಹತ್ಯಾರುಗಳಲ್ಲಿ ಎಲ್ಲಕ್ಕಿಂತ ಅಗ್ಗ ಮೈಟರ್ ಬಾಕ್ಸ್, ಅಂದರೆ ಗರಗಸ ಹಾಯಲು ಓರೆ ಸೀಳು ಇರುವ ಪೆಟ್ಟಿಗೆ. ಎರಡು ಇಂಚಿನ ಒಳಗಿನ ಬೀಡಿಂಗ್‌ಗೆ, 90 ಗ್ಯಾರಂಟಿ ಇರುವ ಮೂಲೆಗೆ ಸಾಕು. ಬೆನ್ನುಪಟ್ಟಿ ಇರುವ ಸಣ್ಣ ಹಲ್ಲಿನ ಗರಗಸ ಹಾಕಿ. ಸೀಳು ಅಗಲ ಆಗುತ್ತಾ ಹೋದ ಹಾಗೆ ಗರಗಸ ಒಳಗೆ ಓಲಾಡುತ್ತದೆ, ಆಗ ಬಾಕ್ಸ್ ಬಿಸಾಡಿ. ನಾನು ಪ್ಲೈಯಲ್ಲಿ ನಾನೇ ಮಾಡಿಕೊಂಡು, ಅದೇ ಗರಗಸದಲ್ಲಿ ಸೀಳು ಹಾಕಿಕೊಳ್ಳುತ್ತೇನೆ. ಹಳೇ ಕೆಲಸದ 88ರ ಮೂಲೆಗೂ ಒಂದು ಸೀಳು ಅದರಲ್ಲಿದೆ.

ನಮ್ಮಲ್ಲಿ ಸುಮಾರು ಜನ ಕೈ ಕಟ್ಟರ್ ಅನ್ನು ಪ್ಲೈ ಟೇಬಲ್ ಕೆಳಗೆ ಬೋಲ್ಟ್ ಮಾಡಿ ಅದರಲ್ಲೇ ಎಲ್ಲ ಕೊಯ್ಯುತ್ತಾರೆ. ಉದ್ದ ಸೀಳಲು ಸರಿ. ಮೈಟರ್‌ಗೆ ನನಗೆ ಅದು ಬೇಡ. ಗಾರ್ಡ್ ಇಲ್ಲದ ಬ್ಲೇಡ್ ಮುಂದೆ ತುಂಡನ್ನು ಓರೆ ಹಿಡಿದು ತಳ್ಳುವುದು ಬೆರಳಿಗೆ ಒಳ್ಳೆಯದಲ್ಲ, ಕೋನಕ್ಕೂ ಒಳ್ಳೆಯದಲ್ಲ.

ಮೈಟರ್ ಸಾ ಇದ್ದರೆ ಮೊದಲು ಅದರ ನೇರ ಕೊಯ್ತ ಪರೀಕ್ಷೆ ಮಾಡಿ. ಅಗಲವಾದ, ಎರಡೂ ಅಂಚು ಸಮಾನಾಂತರ ಇರುವ ಹಲಗೆಯನ್ನು ಸೊನ್ನೆಯಲ್ಲಿ ಕೊಯ್ದು, ಒಂದು ತುಂಡನ್ನು ಮಗುಚಿ, ಎರಡನ್ನೂ ನೇರಪಟ್ಟಿಗೆ ಒತ್ತಿ ಕೂಡಿಸಿ ನೋಡಿ. ಸಂದು ಕಂಡರೆ ನಿಜವಾದ ತಪ್ಪು ಅದರ ಅರ್ಧ. ಫೆನ್ಸ್ ಸರಿ ಮಾಡಿಕೊಂಡ ಮೇಲೆ 45ರಲ್ಲಿ ಎರಡು ತುಂಡು ಕೊಯ್ದು, ಮೂಲೆ ಕೂಡಿಸಿ, ಮೂಲೆಮಟ್ಟ ಇಡಿ. ಮಷಿನ್ ಜೊತೆ ಬರುವ ಬ್ಲೇಡ್ ಹಲವು ಸಲ ಕಡಿಮೆ ಹಲ್ಲಿನದು, ಒರಟು. 10 ಇಂಚಿನ ಮಷಿನ್‌ಗೆ 80 ಹಲ್ಲಿನ ಕಾರ್ಬೈಡ್ ಬ್ಲೇಡ್ ಹಾಕಿದರೆ ಕೊಯ್ತ ಬೇರೆಯೇ. ಮುಂಬಯಿಯ ನಾಗದೇವಿ ಸ್ಟ್ರೀಟ್‌ನಲ್ಲಿ ನಾಲ್ಕು ಅಂಗಡಿ ಸುತ್ತಿದರೆ ಸಿಗುತ್ತದೆ.

ಓರೆ ಕೊಯ್ಯುವಾಗ ಬ್ಲೇಡ್ ಪಟ್ಟಿಯನ್ನು ಫೆನ್ಸ್ ಉದ್ದಕ್ಕೂ ಎಳೆಯುತ್ತದೆ. ಕೈಯಲ್ಲಿ ಗಟ್ಟಿ ಹಿಡಿದಿದ್ದೇನೆ ಅನ್ನಿಸುತ್ತದೆ, ಆದರೂ ಕೂದಲೆಳೆಯಷ್ಟು ಜರಗಿರುತ್ತದೆ. ಮಷಿನ್ ಸರಿ ಇದ್ದೂ ಕೋನ ತಪ್ಪುವುದು ಹೆಚ್ಚಾಗಿ ಇಲ್ಲೇ. ಫೆನ್ಸ್‌ಗೆ ಉಪ್ಪುಕಾಗದದ ಪಟ್ಟಿ ಅಂಟಿಸಿ, ಕ್ಲಾಂಪ್ ಹಾಕಿ. ಬ್ಲೇಡ್ ಪೂರಾ ನಿಂತ ಮೇಲೇ ಮೇಲೆತ್ತಿ. ತಿರುಗುತ್ತಿರುವಾಗ ಎತ್ತಿದರೆ ಕೊಯ್ದ ಮುಖವನ್ನು ಅದು ಇನ್ನೊಮ್ಮೆ ಸವರಿಕೊಂಡು ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ನಾನು ಪಾಲಿಶ್ ಕೆಲಸದಲ್ಲಿ ಗರಗಸದ ಮುಖವನ್ನು ಹಾಗೇ ಕೂಡಿಸುವುದಿಲ್ಲ. ಶೂಟಿಂಗ್ ಬೋರ್ಡ್ ಮೇಲೆ ಕೀಸುತ್ತೇನೆ. ಇದನ್ನು ಅಂಗಡಿಯಲ್ಲಿ ಕೊಳ್ಳಬೇಕಾಗಿಲ್ಲ. 18 ಮಿ.ಮೀ. ಪ್ಲೈ ಹಲಗೆ, ಅದರ ಮೇಲೆ ಸ್ವಲ್ಪ ಕಡಿಮೆ ಅಗಲದ ಇನ್ನೊಂದು ಪ್ಲೈ. ಉಳಿದ ಮೆಟ್ಟಿಲಲ್ಲಿ ಕೀಸುಳಿ, ಇಲ್ಲಿನವರ ರಂಧಾ, ಮಗ್ಗುಲಾಗಿ ಮಲಗಿ ಓಡುತ್ತದೆ. ಮೇಲಿನ ಪ್ಲೈಗೆ 45ರಲ್ಲಿ ಒಂದು ಗಟ್ಟಿ ಮರದ ಆನು ಪಟ್ಟಿ. ಪಟ್ಟಿಯ ತುಂಡನ್ನು ಆನಿಗೆ ಒತ್ತಿ ಹಿಡಿದು ಕೀಸುಳಿ ತಳ್ಳಿದರೆ ಕಾಗದಕ್ಕಿಂತ ತೆಳು ಚಕ್ಕೆ ಏಳುತ್ತದೆ. ಕೀಸುವುದು ಮೈಟರ್‌ನ ಒಳತುದಿಯಿಂದ ಚೂಪಾದ ಹೊರತುದಿ ಕಡೆಗೆ. ಹಾಗೆ ಹೋದರೆ ಎಳೆಗೆ ಅನುಕೂಲ, ಚೂಪು ತುದಿಗೆ ಹಿಂದಿನಿಂದ ಆನು ಇರುತ್ತದೆ, ಮುರಿಯುವುದಿಲ್ಲ. ಬೀಡಿಂಗ್‌ಗೆ ಮುಖ ಒಂದೇ ಕಡೆ, ಮಗುಚಿ ಹಾಕಲು ಬರುವುದಿಲ್ಲ. ಅದಕ್ಕೆ ಎಡಗೈಯದೊಂದು, ಬಲಗೈಯದೊಂದು, ಎರಡು ಬೋರ್ಡ್ ಮಾಡಿಟ್ಟುಕೊಳ್ಳಿ.

ಇದರ ಗಮ್ಮತ್ತು ಇರುವುದು ಕೋನ ಸ್ವಲ್ಪವೇ ಬದಲಿಸಬೇಕಾದಾಗ. ಆನಿಗೂ ತುಂಡಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಸಿಕ್ಕಿಸಿ. ಕಾರ್ಡ್ 0.3 ಮಿ.ಮೀ. ದಪ್ಪ ಇದ್ದು, ಅದನ್ನು ಮೂಲೆಯಿಂದ 150 ಮಿ.ಮೀ. ದೂರ ಇಟ್ಟರೆ ಕೋನ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ತಿರುಗುತ್ತದೆ. ಮಷಿನ್ ಸ್ಕೇಲ್‌ನಲ್ಲಿ ಇಷ್ಟು ಸಣ್ಣ ತಿದ್ದುಪಡಿ ಹಿಡಿಯುವುದು ಬಹಳ ಕಷ್ಟ. ಇಂಟೀರಿಯರ್‌ನವರು ಕೊಟ್ಟುಹೋದ ಕಾರ್ಡ್‌ಗಳಿಗೆ ನನ್ನಲ್ಲಿ ಇದೇ ಉಪಯೋಗ.

ಫೋಟೋ ಫ್ರೇಮ್‌ನ ದೊಡ್ಡ ಅಂಗಡಿಗಳಲ್ಲಿ ಇದೇ ಕೆಲಸಕ್ಕೆ ಕಾಲಿನಲ್ಲಿ ತುಳಿಯುವ ಗಿಲೊಟಿನ್ ಇರುತ್ತದೆ. ಡೆನ್ಮಾರ್ಕ್‌ನ ಮೋರ್ಸೊ ಅದರಲ್ಲಿ ಹೆಸರುವಾಸಿ. ಎರಡು ಚೂಪಾದ ಅಲಗು ಸೇರಿ ಒಂದೇ ಸಲಕ್ಕೆ ಎರಡೂ ತುಂಡಿನ 45 ಕೊಯ್ಯುತ್ತವೆ, ಹುಡಿಯೂ ಇಲ್ಲ. ದಿನವಿಡೀ ಫ್ರೇಮ್ ಮಾಡುವವರಿಗೆ ಸರಿ. ನಮ್ಮಂಥವರಿಗೆ ಅಷ್ಟು ಭಾರದ ಸಾಮಾನು ಸೈಟಿಗೆ ಹೊರಲು ಆಗುವುದಿಲ್ಲ.

ಇನ್ನು ಕಾರ್ನಿಸ್. ಇದು ಗೋಡೆಗೂ ಸೀಲಿಂಗ್‌ಗೂ ಓರೆಯಾಗಿ ಒರಗಿ ಕೂರುವುದರಿಂದ ಹೊಸಬರ ತಲೆ ತಿರುಗುತ್ತದೆ. ಸುಲಭದ ದಾರಿ, ಮಷಿನ್ ಮೇಜನ್ನೇ ಸೀಲಿಂಗ್ ಅಂತ, ಫೆನ್ಸ್ ಅನ್ನೇ ಗೋಡೆ ಅಂತ ತಿಳಿದುಕೊಳ್ಳುವುದು. ಪಟ್ಟಿಯನ್ನು ತಲೆಕೆಳಗಾಗಿ ಇಡಬೇಕು. ಸೀಲಿಂಗ್‌ಗೆ ತಾಗುವ ಅಂಚು ಮೇಜಿನ ಮೇಲೆ, ಗೋಡೆಗೆ ತಾಗುವ ಅಂಚು ಫೆನ್ಸ್‌ಗೆ. ಮೇಜಿನ ಮೇಲೆ ಒಂದು ಅಡ್ಡಪಟ್ಟಿ ಕ್ಲಾಂಪ್ ಮಾಡಿದರೆ ಪ್ರತಿ ತುಂಡೂ ಒಂದೇ ಓರೆಯಲ್ಲಿ ಕೂರುತ್ತದೆ. ಆಗ ಸೀಲಿಂಗ್ ಮೇಲೆ ಗೆರೆ ಎಳೆದು ತಂದ ಬೆವೆಲ್ ಕೋನ ನೇರವಾಗಿ ಮಷಿನ್‌ಗೆ ಹೊಂದುತ್ತದೆ. ಬ್ಲೇಡ್ ಓರೆ ಮಾಡುವ ಮಾತೇ ಇಲ್ಲ.

ಪಟ್ಟಿ ತುಂಬಾ ಅಗಲವಾಗಿ ಫೆನ್ಸ್ ಎತ್ತರ ಸಾಲದಿದ್ದರೆ ಮಾತ್ರ ಮಲಗಿಸಿ ಕೊಯ್ಯಬೇಕು. ಆಗ ಮೇಜೂ ತಿರುಗಬೇಕು, ಬ್ಲೇಡೂ ವಾಲಬೇಕು. ಗೋಡೆಯಿಂದ 38 ಡಿಗ್ರಿ ಓರೆ ಇರುವ ಪಟ್ಟಿಗೆ ಮೈಟರ್ (ಮೇಜಿನ ತಿರುವು) 31.6, ಬೆವೆಲ್ (ಬ್ಲೇಡಿನ ವಾಲು) 33.9. 45 ಓರೆಯ ಪಟ್ಟಿಗೆ 35.3 ಮತ್ತು 30. ಕೆಲವು ಮಷಿನ್‌ಗಳಲ್ಲಿ 31.6ಕ್ಕೆ ಗುರುತೇ ಹಾಕಿರುತ್ತಾರೆ. ಆದರೆ ಇದೆಲ್ಲ ಮೂಲೆ ಸರಿ 90 ಇದ್ದಾಗಿನ ಲೆಕ್ಕ. ಮಾಟುಂಗಾದ ಆ ಹಾಲ್‌ನಲ್ಲಿ ಇದು ನಡೆಯುವುದಿಲ್ಲ, ಅಲ್ವಾ?

ಒಳಮೂಲೆಗಳಿಗೆ ನಾನು ಮೈಟರ್ ಬಿಟ್ಟು ಕೋಪಿಂಗ್ ಮಾಡುವುದೇ ಜಾಸ್ತಿ. ಒಂದು ಪಟ್ಟಿ ನೇರ ಕೊಯ್ದು ಗೋಡೆಗೆ ಮುಟ್ಟಿಸುವುದು. ಎರಡನೆಯದನ್ನು ಒಳಮೂಲೆಯ 45ಕ್ಕೆ ಕೊಯ್ದರೆ ಮುಖದ ಅಂಚಿನಲ್ಲಿ ಅದರ ಆಕಾರದ ಗೆರೆ ಸಿಗುತ್ತದೆ. ಆ ಗೆರೆಯ ಮೇಲೆ ಕೋಪಿಂಗ್ ಸಾದಲ್ಲಿ (ತೆಳು ಬ್ಲೇಡಿನ ಕೈ ಗರಗಸ), ಹಿಂದಕ್ಕೆ ಓರೆ ಕೊಟ್ಟು ಕೊರೆಯಬೇಕು. ಉರುಟು ಅರದಲ್ಲಿ ಸವರಿದರೆ ಅದು ಮೊದಲ ಪಟ್ಟಿಯ ಮೈಗೆ ಅಂಟಿಕೊಂಡ ಹಾಗೆ ಕೂರುತ್ತದೆ. ಮೂಲೆ ಎರಡು ಡಿಗ್ರಿ ಆಚೀಚೆ ಇದ್ದರೂ ಮುಂದೆ ಸಂದು ಕಾಣುವುದಿಲ್ಲ. ಸಾಗವಾನಿಯಲ್ಲಿ ಇದು ಚಂದ ಬರುತ್ತದೆ. ಎಂಡಿಎಫ್‌ನಲ್ಲಿ ತೆಳು ಅಂಚು ಉದುರುತ್ತದೆ, ಅಲ್ಲಿ ಮೈಟರ್ ಮಾಡಿ ಪುಟ್ಟಿ ಹಚ್ಚುವುದೇ ವಾಸಿ. ಹೊರಮೂಲೆಗೆ ಮೈಟರ್ ಬಿಟ್ಟು ಬೇರೆ ದಾರಿಯಿಲ್ಲ. ಅದಕ್ಕೇ ಹೊರಮೂಲೆಯನ್ನು ಮೊದಲು ಕೂಡಿಸಿ, ಉದ್ದದ ಹೆಚ್ಚುಕಮ್ಮಿಯನ್ನು ಒಳಮೂಲೆಗೆ ತಳ್ಳುತ್ತೇನೆ.

ಅಂಟಿನ ವಿಷಯ. ಮೈಟರ್ ಮುಖದಲ್ಲಿ ಎಳೆಗಳ ತುದಿ ತೆರೆದಿರುವುದರಿಂದ ಫೆವಿಕಾಲ್ ಒಳಗೆ ಇಂಗಿಬಿಡುತ್ತದೆ. ಮೊದಲು ತೆಳ್ಳಗೆ ಒಂದು ಕೈ ಹಚ್ಚಿ, ಕೆಲವು ನಿಮಿಷ ಬಿಟ್ಟು, ಆಮೇಲೆ ಇನ್ನೊಂದು ಕೈ ಹಚ್ಚಿ ಕೂಡಿಸಿ. ಫ್ರೇಮ್ ಭಾರದ್ದಾದರೆ ಮೂಲೆಗೆ ಅಡ್ಡ ಸೀಳು ಹಾಕಿ ತೆಳು ಮರದ ಬಿಲ್ಲೆ ಸೇರಿಸುತ್ತೇನೆ. ಬರೀ ಅಂಟಿನ ಮೇಲೆ ನನಗೆ ನಂಬಿಕೆ ಇಲ್ಲ.

ಮತ್ತೆ ನಮ್ಮೂರ ಮಳೆ. ಮರ ಹಿಗ್ಗುವುದು ಕುಗ್ಗುವುದು ಅಗಲಕ್ಕೆ, ಉದ್ದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಜುಲೈ ತಿಂಗಳ ಥಂಡಿ ಮರದಲ್ಲಿ ಸರಿಯಾಗಿ ಕೂಡಿಸಿದ ಮೈಟರ್, ಮರ ಒಣಗಿದ ಮೇಲೆ ಒಳತುದಿಯಲ್ಲಿ ಬಿಡುತ್ತದೆ. ಒಣ ಮರದಲ್ಲಿ ಮಾಡಿದ್ದು ಮಳೆಗಾಲದಲ್ಲಿ ಹೊರತುದಿಯಲ್ಲಿ ಬಾಯಿ ತೆರೆಯುತ್ತದೆ. ಯಾವ ತುದಿ ಬಿಟ್ಟಿದೆ ಅಂತ ನೋಡಿದರೆ ಮರ ಆಮೇಲೆ ಒಣಗಿತೋ ನೀರು ಕುಡಿಯಿತೋ ಗೊತ್ತಾಗುತ್ತದೆ. ಪಟ್ಟಿಯನ್ನು ತಂದ ದಿನವೇ ಕೊಯ್ಯದೆ, ಹಾಕುವ ಕೋಣೆಯಲ್ಲೇ ಕೆಲವು ದಿನ ಅಡ್ಡಪಟ್ಟಿ ಇಟ್ಟು ಗಾಳಿಯಾಡಲು ಬಿಡಿ. ಎಸಿ ಹಾಕುವ ಕೋಣೆಯಾದರೆ ಎಸಿ ಓಡುತ್ತಿರಲಿ. ಗಿರಾಕಿ ಕರೆಂಟ್ ಬಿಲ್ ಅಂತ ಗೊಣಗುತ್ತಾರೆ. ಗೊಣಗಲಿ.

ಹೊರಮೂಲೆಯಲ್ಲಿ ಕೂದಲಿನಷ್ಟು ಸಂದು ಬಿಟ್ಟಿದ್ದರೆ, ಅಂಟು ಒಣಗುವ ಮೊದಲೇ ಸ್ಕ್ರೂಡ್ರೈವರ್‌ನ ಉರುಟು ಕಂಬಿಯನ್ನು ಓರೆ ಹಿಡಿದು ಎರಡೂ ಕಡೆಯಿಂದ ಅಂಚನ್ನು ಮೆಲ್ಲಗೆ ಉಜ್ಜಿ. ಎಳೆಗಳು ಬಾಗಿ ಒಂದರ ಮೇಲೊಂದು ಕೂರುತ್ತವೆ. ಮೇಲೆ 220ರ ಉಪ್ಪುಕಾಗದ ಒಂದೆರಡು ಸಲ ಎಳೆದರೆ ಸಾಕು. ಅರ್ಧ ಮಿ.ಮೀ.ಗಿಂತ ಜಾಸ್ತಿ ಇದ್ದರೆ ಇದರಿಂದ ಆಗುವುದಿಲ್ಲ, ಬಿಚ್ಚಿ ಶೂಟಿಂಗ್ ಬೋರ್ಡಿಗೇ ಹೋಗಬೇಕು.