ಮದುವೆ ಸೀಸನ್ನಿನಲ್ಲಿ ಅಡುಗೆ ತಂಡ ಹಾಸಿಗೆ ಹಿಡಿಯದಂತೆ ನೋಡಿಕೊಂಡ ಬಗೆ

ಜಿಲೇಬಿ ಬಾಣಲೆ ಮುಂದೆ ಕೂರುವವನನ್ನು ಕೆಲಸಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ದಿನಸಿ ತೂಗುವ ತಕ್ಕಡಿ ಮೇಲೆ ನಿಲ್ಲಿಸಿ ನೋಡಿ. ನಮ್ಮಲ್ಲಿ ಏಪ್ರಿಲ್ ಕೊನೆಗೆ ಐದು ಗಂಟೆಯಲ್ಲಿ ಒಂದೂವರೆಯಿಂದ ಎರಡು ಕೆಜಿ ಇಳಿಯುತ್ತದೆ, ಅದೂ ನಡುನಡುವೆ ನೀರು ಕುಡಿದು. ಒಂದು ಕೆಜಿ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು. 60 ಕೆಜಿ ಇರುವವನಿಗೆ 1.2 ಕೆಜಿ ಇಳಿಯಿತು ಅಂದರೆ ನೂರಕ್ಕೆ ಎರಡು ಪಾಲು ಹೋಯಿತು. ಅಲ್ಲಿಂದ ಕೈ ನಿಧಾನ, ತಲೆ ಮಂದ, ಸಿಟ್ಟು ಮೂಗಿನ ತುದಿಯಲ್ಲಿ. ಒಲೆ ಮುಂದಿನವರಿಗೆ ಸಿಟ್ಟು ಸಹಜ ಅಂತ ನಾವು ಹೇಳಿಕೊಂಡು ಬಂದದ್ದರಲ್ಲಿ ಅರ್ಧ ಬರೀ ನೀರಿನ ಲೆಕ್ಕ.

ತಕ್ಕಡಿ ವಿಷಯಕ್ಕೆ ಶಿರಸಿ–ಸಾಗರ ಕಡೆಯ ಹಿರಿಯ ಅಡುಗೆಯವರು ನಕ್ಕಿದ್ದೇ ನಕ್ಕಿದ್ದು. "ಅಕ್ಕಿ ತೂಗದು ಬಿಟ್ಟು ಮಾಣಿ ತೂಗ್ತ್ಯಾ?" ಮಾಣಿ ಅಂದರೆ ನಮ್ಮಲ್ಲಿ ಹುಡುಗ. ಈಗ ಎರಡು ಸೀಸನ್ ಆಯಿತು. ವೈಶಾಖ, ಜ್ಯೇಷ್ಠ ಎರಡೂ ತಿಂಗಳು ಅದೇ ಒಂಬತ್ತು ಜನರ ತಂಡ, ಒಬ್ಬನೂ ಗ್ಲೂಕೋಸ್ ಬಾಟಲಿ ಏರಿಸಿಕೊಂಡಿಲ್ಲ. ನಕ್ಕವರಲ್ಲಿ ಇಬ್ಬರು ಈ ಸಲ ಫೋನ್ ಮಾಡಿ ಮಜ್ಜಿಗೆಯ ಉಪ್ಪಿನ ಅಳತೆ ಕೇಳಿದರು. ಅದನ್ನೇ ಮೊದಲು ಹೇಳುತ್ತೇನೆ.

20 ಲೀಟರ್ ಕ್ಯಾನಿಗೆ ಮೂರು ಲೀಟರ್ ಮೊಸರು ಕಡೆದು ಹಾಕಿ, ಉಳಿದದ್ದು ನೀರು. ಉಪ್ಪು 50ರಿಂದ 60 ಗ್ರಾಂ, ಅಂದರೆ ಲೀಟರಿಗೆ ಅರ್ಧ ಟೀ ಚಮಚ. ಕರಿಬೇವು, ಇಂಗು ನಿಮ್ಮಿಷ್ಟ; ಹಸಿಮೆಣಸು ಬೇಡ, ಮೂರನೇ ಲೋಟಕ್ಕೆ ಹೊಟ್ಟೆ ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಂದು ಸಣ್ಣ ಲೋಟ, 200 ಎಂಎಲ್. ಬಾಯಾರಿಕೆ ಆಗಲಿ ಅಂತ ಕಾಯಬಾರದು, ಒಲೆ ಮುಂದೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಗಡಿಯಾರ ನೋಡಿ ಲೋಟ ತಂದುಕೊಡುವ ಕೆಲಸ ಪಾತ್ರೆ ತೊಳೆಯುವ ಹುಡುಗನದು. ಅವನು ಕೊಟ್ಟಾಗ ಯಾರೂ "ಆಮೇಲೆ" ಅನ್ನುವ ಹಾಗಿಲ್ಲ, ನಾನೂ ಸೇರಿ. ಅತಿಯೂ ಒಳ್ಳೆಯದಲ್ಲ: ಗಂಟೆಗೆ ಒಂದೂವರೆ ಲೀಟರ್ ದಾಟಬಾರದು.

ಇದಕ್ಕೆ ಮುಂಚೆ ಕೆಟ್ಟ ದಾರಿಗಳು ಮೂರು. ಬರೀ ನೀರು ಕುಡಿಸಿದ ವರ್ಷ ಮೂರನೇ ದಿನದ ರಾತ್ರಿ ಮೀನಖಂಡ ಹಿಡಿದುಕೊಂಡು ಕೂಗುವವರೇ. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬಂದಿರಲಿಲ್ಲ. ಮುಂದಿನ ವರ್ಷ ಓಆರ್‌ಎಸ್ ಪೊಟ್ಟಣ ತಂದೆ, ಭೇದಿಯಾದಾಗ ನೀರಲ್ಲಿ ಕರಗಿಸಿ ಕುಡಿಸುವ ಉಪ್ಪು–ಸಕ್ಕರೆಯ ಪುಡಿ. ಒಂದು ಲೀಟರಿಗೆ ಹಾಕಬೇಕಾದ 20.5 ಗ್ರಾಮಿನ ಪೊಟ್ಟಣವನ್ನು ಹುಡುಗರು ಒಂದು ಲೋಟಕ್ಕೆ ಸುರಿದು ಕುಡಿದರು. ಅಷ್ಟು ಗಟ್ಟಿಯಾದರೆ ಬಾಯಾರಿಕೆ ಹೆಚ್ಚಿ ಹೊಟ್ಟೆ ಕೆಡುತ್ತದೆ. ಇನ್ನು ಹಣ್ಣಿನ ರುಚಿಯ ಡಬ್ಬಿಗಳು. ಮೇಲೆ ಓಆರ್‌ಎಸ್ ಅಂತ ಹೆಸರು, ಒಳಗೆ ಹೆಚ್ಚಿನಂಶ ಸಕ್ಕರೆ. ಆ ಹೆಸರು ಹಾಗೆ ಹಾಕಬಾರದು ಅಂತ ಆಹಾರ ಸುರಕ್ಷತೆ ನೋಡುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಹೇಳಿತು, ಅಷ್ಟರಲ್ಲಿ ನನ್ನ ಎರಡು ಸಾವಿರ ಹೋಗಿತ್ತು.

ಮಜ್ಜಿಗೆಗೂ ಒಂದು ಕಾಟ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಮಾಡಿದ್ದು ಒಲೆ ಪಕ್ಕ ಇಟ್ಟರೆ ಹತ್ತಕ್ಕೆಲ್ಲ ಹುಳಿ. ಹುಳಿ ಮಜ್ಜಿಗೆ, ಖಾಲಿ ಹೊಟ್ಟೆ, ಹೊಗೆ: ಎದೆಯುರಿಗೆ ಇನ್ನೇನು ಬೇಕು? ಹಾಗಾಗಿ ಈಗ ಎಂಟರವರೆಗೆ ನಿಂಬೆ–ಬೆಲ್ಲ–ಉಪ್ಪಿನ ನೀರು, ಆಮೇಲೆ ಮಜ್ಜಿಗೆ, ಕ್ಯಾನಿಗೆ ಒದ್ದೆ ಗೋಣಿ ಸುತ್ತಿ ನೆರಳಲ್ಲಿ. ಮುರುಗಲು (ಕೋಕಂ) ಸಿಪ್ಪೆಯ ಪಾನಕವನ್ನೂ ಒಂದು ವಾರ ಮಾಡಿ ನೋಡಿದೆ. ರುಚಿಗೆ ಸಾಟಿ ಇಲ್ಲ, ಆದರೆ ಹುಡುಗರು ಸಕ್ಕರೆ ಕೇಳುತ್ತಾ ಹೋದರು, ಖರ್ಚು ಏರಿತು, ಬಿಟ್ಟೆ. ಬಿಪಿ ಮಾತ್ರೆ ತಗೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ಈ ಉಪ್ಪಿನ ಲೆಕ್ಕ ಅನುಸರಿಸಬೇಡಿ, ನಿಮ್ಮ ಡಾಕ್ಟರ್ ಹೇಳಿದ್ದೇ ಸರಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲದ ನೀರು ಬೇಡ.

ಸಾಕಷ್ಟು ಕುಡಿದಿದ್ದೀರಾ ಅಂತ ತಿಳಿಯೋಕೆ ತಕ್ಕಡಿಯೇ ಬೇಕೆಂದಿಲ್ಲ, ಮೂತ್ರದ ಬಣ್ಣ ಸಾಕು. ತಿಳಿ ಹಳದಿ ಇದ್ದರೆ ಸರಿ. ಕಷಾಯದ ಬಣ್ಣಕ್ಕೆ ತಿರುಗಿದರೆ ಆ ಮನುಷ್ಯನನ್ನು ಒಲೆಯಿಂದ ಎಬ್ಬಿಸಿ ತರಕಾರಿಗೆ ಕೂರಿಸಿ.

ಇನ್ನು ನಿದ್ದೆ. ನನ್ನ ದುಡ್ಡು ಹೆಚ್ಚು ಹೋದದ್ದೂ, ಫಲ ಹೆಚ್ಚು ಸಿಕ್ಕಿದ್ದೂ ಇಲ್ಲೇ. ಹಳೆಯ ಕ್ರಮ ನಿಮಗೆ ಗೊತ್ತು: ಹಿಂದಿನ ದಿನ ಎಲ್ಲರೂ ಸೇರಿ ರಾತ್ರಿ ಒಂದರವರೆಗೆ ಕಾಯಿ ತುರಿದು, ಹೂರಣ ರುಬ್ಬಿ, ಮೂರಕ್ಕೆ ಎದ್ದು ತಿಂಡಿಗೆ ಒಲೆ ಹಚ್ಚುವುದು. ಎರಡೇ ಗಂಟೆ ನಿದ್ದೆ, ಅದೂ ಗಾಢ ನಿದ್ದೆಯ ನಡುವೆ ಎಬ್ಬಿಸಿದ್ದು. ನನ್ನ ಪುಸ್ತಕದಲ್ಲಿ ಬೆರಳು ಕೊಯ್ದುಕೊಂಡದ್ದು, ಎಣ್ಣೆ ಸಿಡಿಸಿಕೊಂಡದ್ದು ಬಹುಪಾಲು ಎದ್ದ ಮೊದಲ ಅರ್ಧ ಗಂಟೆಯೊಳಗೆ.

ಈಗ ಪಾಳಿ. ತಿಂಡಿ ತಂಡದ ನಾಲ್ವರು ರಾತ್ರಿ ಒಂಬತ್ತಕ್ಕೆ ಮಲಗಿ ಎರಡೂವರೆಗೆ ಏಳುತ್ತಾರೆ. ಊಟದ ತಂಡ ರಾತ್ರಿ ಒಂದರವರೆಗೆ ಕೆಲಸ ಮಾಡಿ, ಆರಕ್ಕೆ ಏಳುತ್ತದೆ. ಎದ್ದವರಿಗೆ ಮೊದಲ ಇಪ್ಪತ್ತು ನಿಮಿಷ ಕತ್ತಿ, ಬಾಣಲೆ ಎರಡೂ ಇಲ್ಲ. ನೀರು ತುಂಬುವುದು, ಎಲೆ ಒರೆಸುವುದು, ಸಿಲಿಂಡರ್ ಜೋಡಿಸುವುದು, ಅಷ್ಟೇ. ಕೊನೆಯ ಪಂಕ್ತಿ ಎದ್ದ ಮೇಲೆ ಎಲ್ಲರಿಗೂ ಒಂದೂವರೆ ಗಂಟೆ ಅಡ್ಡಾಗುವುದು, ಸಾಮಾನು ಗಾಡಿಗೆ ಏರಿಸುವ ಮುಂಚೆ. ನಂತರ ಅಂದರೆ ಆ ನಿದ್ದೆ ಸಿಗುವುದೇ ಇಲ್ಲ.

ಇದನ್ನು ನಡೆಸೋಕೆ ರಾತ್ರಿ ಕೆಲಸಕ್ಕೆ ಇಬ್ಬರು ಹೆಚ್ಚು ಬೇಕು. ಒಂದು ಮದುವೆಗೆ ಸುಮಾರು ಎರಡು ಸಾವಿರ ಕೈ ಬಿಟ್ಟಿತು. ಮೊದಲ ಸೀಸನ್ನಿನಲ್ಲಿ ಅದನ್ನು ನಾನೇ ಹೊತ್ತೆ, 25 ಸಾವಿರದ ಹತ್ತಿರ. ಎರಡನೇ ಸೀಸನ್ನಿನಿಂದ ಊಟದ ಎಲೆಯೊಂದಕ್ಕೆ ನಾಲ್ಕು ರೂಪಾಯಿ ಸೇರಿಸಿದೆ. 600 ಎಲೆಯ ಮದುವೆಯಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಹೋಲಿಸಿ ನೋಡಿದರೆ, ಸೀಸನ್ ಮಧ್ಯೆ ಒಬ್ಬ ಒಲೆಯವನು ಬಿದ್ದರೆ ಬದಲಿಗೆ ಬರುವವನು ದುಪ್ಪಟ್ಟು ಕೂಲಿ ಕೇಳುತ್ತಾನೆ, ನಿಮ್ಮ ಹುಳಿಯ ಹದವೂ ಗೊತ್ತಿರುವುದಿಲ್ಲ.

ಮಲಗುವ ಜಾಗ ಕೊಡಿಸಿಕೊಳ್ಳುವುದೇ ದೊಡ್ಡ ಕೆಲಸ. ಛತ್ರದಲ್ಲಿ ಉಗ್ರಾಣ ತೋರಿಸುತ್ತಾರೆ, ಪಕ್ಕದಲ್ಲೇ ಜನರೇಟರ್. ಬಾಯಲ್ಲಿ ಕೇಳಿದರೆ "ಆಯ್ತು ಭಟ್ರೇ" ಅಂದು ಮರೆಯುತ್ತಾರೆ. ನಾನೀಗ ಸಾಮಾನು ಪಟ್ಟಿಯಲ್ಲೇ, ಅಕ್ಕಿ–ಬೇಳೆಗೂ ಮೇಲೆ, ಮೊದಲ ಸಾಲಿಗೆ ಬರೆಯುತ್ತೇನೆ: "ಕೋಣೆ 1, ಫ್ಯಾನ್ 2, ಚಾಪೆ 5." ಪಟ್ಟಿಯಲ್ಲಿದ್ದದ್ದನ್ನು ಮದುವೆ ಮನೆಯವರು ತಪ್ಪಿಸುವುದಿಲ್ಲ, ತೆಂಗಿನಕಾಯಿ ತಂದ ಹಾಗೆ ಕೋಣೆಯನ್ನೂ ತರುತ್ತಾರೆ! ಕಿವಿಗೆ ಹತ್ತಿ ತುರುಕಿದರೆ ವಾಲಗ ನಿಲ್ಲುವುದಿಲ್ಲ. ಮೆಡಿಕಲ್‌ನಲ್ಲಿ ಸಿಗುವ ಹಿಂಡಿ ತೂರಿಸುವ ಫೋಮ್ ಬಿರಡೆ ಬೇಕು. ಕಣ್ಣಿಗೆ ಒದ್ದೆ ಬೈರಾಸು (ಟವೆಲ್) ಸಾಕು.

ಚಹಾ–ಕಾಫಿಗೆ ಒಂದೇ ನಿಯಮ: ಮಲಗುವ ಆರು ಗಂಟೆ ಮೊದಲು ಕೊನೆಯ ಲೋಟ. ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ತಾಸು ಬೇಕು. ಅಲ್ಲಿಂದ ಮುಂದೆ ಕೊತ್ತಂಬರಿ–ಜೀರಿಗೆ ಕಷಾಯ, ಹಾಲು–ಬೆಲ್ಲ ಹಾಕಿ. ಅದಕ್ಕೆ ನಾನು ಇನ್ನೆರಡು ಸಾಮಾನು ಸೇರಿಸುತ್ತೇನೆ, ಅದರ ಅಳತೆ ಇಲ್ಲಿ ಬರೆಯುವುದಿಲ್ಲ. ಉಲ್ಟಾ ಪ್ರಯೋಗವೂ ಒಂದು ಮಾಡಿದ್ದೇನೆ: ಮಧ್ಯಾಹ್ನ ತೂಕಡಿಕೆ ತಡೆಯದೆ ಇದ್ದಾಗ ಅರ್ಧ ಲೋಟ ಕಾಫಿ ಕುಡಿದು ಆ ಕೂಡಲೇ ಇಪ್ಪತ್ತು ನಿಮಿಷ ಮಲಗುವುದು. ಕಾಫಿ ಏರುವ ಹೊತ್ತಿಗೆ ಎಚ್ಚರ. ಗಾಡಿ ಓಡಿಸುವವನಿಗೆ ಇದು ಚೆನ್ನಾಗಿ ಹಿಡಿಸಿತು, ಉಳಿದವರಿಗೆ ಏಳೋಕೇ ಆಗಲಿಲ್ಲ. ನಿದ್ದೆ ತಡೆಯಲು ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆ ಕವಳ ಹಾಕುವುದನ್ನು ಮಾತ್ರ ನಿಲ್ಲಿಸಲು ನನ್ನಿಂದ ಪೂರ್ತಿ ಆಗಿಲ್ಲ; ಒಂಬತ್ತರಲ್ಲಿ ಇಬ್ಬರು ಇನ್ನೂ ಬಿಟ್ಟಿಲ್ಲ.

ಊಟದ ವಿಷಯ. ಮುನ್ನೂರು ಲೀಟರ್ ಹುಳಿ ಕುದಿಸಿದವನಿಗೆ ಹಸಿವು ಸತ್ತಿರುತ್ತದೆ. ಮೂರೂವರೆಗೆ ಉಳಿದ ಬೋಂಡ, ಜಿಲೇಬಿ ತಿಂದು ರಾತ್ರಿ ಎದೆ ಉರಿ ಅನ್ನುತ್ತಾನೆ. ತಿಂಡಿ ಹೊರಗೆ ಹೋಗುವ ಮುಂಚೆ, ಐದೂವರೆಗೆ, ತಂಡಕ್ಕೆ ಕುಚ್ಚಿಲಕ್ಕಿ ಗಂಜಿ, ತುಪ್ಪ, ಮಿಡಿ ಉಪ್ಪಿನಕಾಯಿ. ಹತ್ತೂವರೆಗೆ ಮೊಸರವಲಕ್ಕಿ ಅಥವಾ ಎರಡು ಬಾಳೆಹಣ್ಣು, ನಿಂತೇ ತಿಂದರೂ ಸರಿ. ಗ್ಯಾಸಿನ ಮಾತ್ರೆ ಡಾಕ್ಟರ್ ಬರೆದುಕೊಟ್ಟಿದ್ದರೆ ಅದನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ಉರಿ ಬಂದ ಮೇಲೆ ನುಂಗಿ, ಆಮೇಲೆ "ಫಲವಿಲ್ಲ" ಅನ್ನುವವರೇ ಜಾಸ್ತಿ. ಇದಕ್ಕಿಂತ ಅಪಾಯದ್ದು ಸೊಂಟನೋವಿಗೆ ನುಂಗುವ ನೋವಿನ ಮಾತ್ರೆ. ಮೈ ಒಣಗಿ, ಹೊಟ್ಟೆ ಖಾಲಿ ಇದ್ದಾಗ ಅದು ಹೊಟ್ಟೆಯನ್ನೂ ಕಿಡ್ನಿಯನ್ನೂ ಒಟ್ಟಿಗೆ ಹೊಡೆಯುತ್ತದೆ. ನಮ್ಮ ಡಬ್ಬಿಯಲ್ಲಿ ಅದನ್ನು ಇಡುವುದನ್ನೇ ಬಿಟ್ಟೆ.

ಸೊಂಟಕ್ಕೆ ಔಷಧ ಬಿದಿರು ಗಳ. ಕೊಪ್ಪರಿಗೆಯನ್ನು ಬಗ್ಗಿ ಎತ್ತಬಾರದು, ಹಿಡಿಗೆ ಗಳ ತೂರಿಸಿ ಇಬ್ಬರು ಹೆಗಲ ಮೇಲೆ ಹೊರಬೇಕು. ಕಾಲಿನ ನರ ಉಬ್ಬುವುದಕ್ಕೆ ಬಿಗಿ ಸಾಕ್ಸ್ ತರಿಸಿದ್ದೆ, ಜೋಡಿಗೆ ಎಂಟುನೂರರ ಮೇಲೆ. ಒಲೆ ಶಾಖಕ್ಕೆ ಒಳಗೆಲ್ಲ ಬೆವರುಸಾಲೆ ಎದ್ದು ಯಾರೂ ಎರಡನೇ ದಿನ ಹಾಕಲಿಲ್ಲ. ಈಗ ಮಲಗಿದಾಗ ಕಾಲನ್ನು ಅಕ್ಕಿ ಚೀಲದ ಮೇಲೆ ಹದಿನೈದು ನಿಮಿಷ ಎತ್ತಿ ಇಡುವುದು, ಖರ್ಚಿಲ್ಲ.

ಹೊಸ ಹುಡುಗರನ್ನು ಮೊದಲ ದಿನವೇ ಒಲೆಗೆ ನಿಲ್ಲಿಸಬೇಡಿ. ಶಾಖಕ್ಕೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು ಒಲೆ, ಆಮೇಲೆ ದಿನಕ್ಕೊಂದು ಪಾಲು ಏರಿಸಿ. ಬೆವರು ನಿಂತರೆ ಮಾತ್ರ ಅಪಾಯ ಅನ್ನುವುದು ಸುಳ್ಳು. ಬೆವರುತ್ತಲೇ ಶಾಖ ತಲೆಗೇರಬಹುದು. ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ, ನೆರಳಿಗೆ ಎಳೆದು ಮೈ ತುಂಬ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು ಹೊಯ್ಯಬೇಡಿ. ಸುಟ್ಟರೆ ನಲ್ಲಿ ನೀರಿನಡಿ ಇಪ್ಪತ್ತು ನಿಮಿಷ. ಟೂತ್‌ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ.

ತಲೆಬಿಸಿಗೆ ಮೂಲ ಒಲೆಯಲ್ಲ, "ಭಟ್ರೇ, ಇನ್ನೊಂದು ನೂರು ಜನ ಆಗ್ತು" ಅನ್ನುವ ಮಾತು. ನೂರೆಲೆ ಚೀಲ ಅಂತ ಒಂದು ಕಟ್ಟಿ ಇಡುತ್ತೇನೆ: 10 ಕೆಜಿ ಅಕ್ಕಿ, 3 ಕೆಜಿ ತೊಗರಿಬೇಳೆ, ಶಾವಿಗೆ, ಅಳೆದ ಹುಳಿಪುಡಿ. ಮೊದಲ ಪಂಕ್ತಿ ಕೂತಾಗ ತುಂಬಿದ ಎಲೆ ಎಣಿಸಿ, ಬೇಕೆಂದರೆ ಆಗಲೇ ಚೀಲ ಬಿಚ್ಚುವುದು. ಬೇಡವಾದರೆ ಹಾಗೇ ವಾಪಸ್. ಮನೆಯವರ ಕಡೆಯಿಂದ ಮಾತಾಡುವವರು ಒಬ್ಬರೇ ಇರಲಿ, ಮಾವನೋ ಚಿಕ್ಕಪ್ಪನೋ; ನನ್ನ ಫೋನ್ ಹತ್ತರಿಂದ ಎರಡರವರೆಗೆ ಮಾಣಿಯ ಹತ್ತಿರ.

ಮೂರು ದಿನ ಸತತ ಆದ ಮೇಲೆ ಒಂದು ದಿನ ಖಾಲಿ. ಎಷ್ಟೇ ಮುಂಗಡ ತೋರಿಸಿದರೂ ಇಲ್ಲ. ಮೇ ತಿಂಗಳಲ್ಲಿ ನಾಲ್ಕು ಮದುವೆ ಬಿಟ್ಟೆ, 50–60 ಸಾವಿರ ಕಡಿಮೆ ಬಂತು. ಈ ಕ್ರಮಕ್ಕೆ ಮುಂಚಿನ ವರ್ಷದ ಆಸ್ಪತ್ರೆ ಬಿಲ್ಲು, ಬದಲಿ ಕೂಲಿ, ಸೀದುಹೋದ ಹೂರಣಕ್ಕೆ ಬಿಟ್ಟುಕೊಟ್ಟ ದುಡ್ಡು ಎಲ್ಲ ಕೂಡಿಸಿದರೆ ಅದಕ್ಕಿಂತ ಹೆಚ್ಚೇ ಆಗಿತ್ತು. ಅಧಿಕ ಮಾಸ ಬರುವ ವರ್ಷ ಈ ನಿಯಮ ಕಷ್ಟ. 2026ರಲ್ಲಿ ಜ್ಯೇಷ್ಠವೇ ಅಧಿಕ, ವೈಶಾಖದ ಮುಹೂರ್ತಗಳೆಲ್ಲ ಮೇ ನಡುವಿಗೆ ಮುಂಚೆ ಒತ್ತೊತ್ತಾಗಿ ಬೀಳುತ್ತವೆ. ಅಂಥ ವರ್ಷಕ್ಕೆ ಪಾಳಿಯನ್ನು ಬೇರೆ ರೀತಿ ಹೊಂದಿಸಬೇಕು, ಮುಖ್ಯವಾಗಿ ಸಿಹಿ ಮಾಡುವವನದು. ಅದು ನನ್ನ ತಂಡದ ಗುಟ್ಟು.

ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತೆಳು ಹುಳಿ ಸಾರು, ಕುಡಿದರೆ ನಿದ್ದೆ ಬರುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅದನ್ನೂ ಮಧ್ಯಾಹ್ನದ ನಿದ್ದೆಗೆ ಮುಂಚೆ ಕೊಟ್ಟು ನೋಡುತ್ತಿದ್ದೇನೆ. ಇಲ್ಲಿಯವರೆಗೆ ಐದು ಮದುವೆ. ಮಲಗಿದವರನ್ನು ಎಬ್ಬಿಸೋಕೆ ಪ್ರತಿ ಸಲ ಗಾಡಿಯವನು ಹಾರ್ನ್ ಹಾಕಬೇಕಾಯಿತು. ಅದು ಅಪ್ಪೆಯ ಗುಣವೋ, ಬೆಳಗಿನ ಜಾವದ ಒಲೆಯದೋ, ಇನ್ನೂ ಬಗೆಹರಿದಿಲ್ಲ.